ಸೈಕಲ್ ಹಾಡಿನ ಬೆನ್ನಿಗಿದ್ದ ಹಾಡು

‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’ ಅಂತ ಜನ ಯಾರನ್ನಾದರೂ ಹಂಗಿಸುವಾಗ ನನಗೆ ನಗು ಬರುತ್ತದೆ. ಆ ದಾಸನಾದರೂ ಉಣ್ಣುವ ಹೊತ್ತಿಗೆ ಬಾಯಿ ಮುಚ್ಚಿದ್ದಾನು. ನನಗೆ ಆ ಭಾಗ್ಯವೂ ಇರಲಿಲ್ಲ. ಜನ ಉಣ್ಣುವಾಗಲೇ ನಾನು ಹಾಡಬೇಕಿತ್ತು. ಹೌದು, ನಾನು ಒಂದು ಗ್ರಾಮಫೋನ್ ರೆಕಾರ್ಡು. ಊಟದ ತಟ್ಟೆಗಿಂತ ಚಿಕ್ಕದು, ಹಂಚಿನ ತಳದಷ್ಟು ಕಪ್ಪು. ಬೆನ್ನಿಗೆ ಬೆನ್ನು ಅಂಟಿಸಿದ ಹಾಗೆ ಎರಡು ಮುಖ, ಎರಡು ಹಾಡು. ಆದರೆ ಲೋಕಕ್ಕೆ ಗೊತ್ತಿದ್ದದ್ದು ಒಂದೇ.

ದೂರದ ಒಂದು ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಕಪ್ಪು ಮುದ್ದೆಯಾಗಿದ್ದ ನನ್ನನ್ನು ಮೇಲೊಂದು ಕೆಳಗೊಂದು ಕಾದ ಅಚ್ಚಿನ ನಡುವೆ ಇಟ್ಟು ಒತ್ತಿದರು. ಹೊರಗೆ ಬರುವಾಗ ಮೈತುಂಬ ಕೂದಲೆಳೆಯಂಥ ಗೀರುಗಳಿದ್ದವು. ಆ ಗೀರುಗಳಲ್ಲಿ ಹುಬ್ಬಳ್ಳಿಯ ಒಂದು ಹುಡುಗಿಯ ದನಿ ಕೂತಿತ್ತು. ಅವಳ ಹೆಸರು ಮೇಬಲ್. ಕೇಶ್ವಾಪುರದವಳು, ಇಗರ್ಜಿಯ ಗಾಯನ ತಂಡದಲ್ಲಿ ಹಾಡುತ್ತಿದ್ದಳು. ಅಣ್ಣ ಇಮ್ಮಾನುಯೆಲ್, ಮನೆಯವರ ಬಾಯಲ್ಲಿ ಇಮ್ಮು, ರೈಲ್ವೆಯಲ್ಲಿ ಸಿಗ್ನಲ್ ದೀಪಗಳಿಗೆ ಎಣ್ಣೆ ಹಾಕುವ ಕೆಲಸದವನು. ಕೆಲಸ ಮುಗಿಸಿ ಕೈತೊಳೆದರೆ ಗಿಟಾರ್ ಹಿಡಿಯುತ್ತಿದ್ದ. ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಇವರಿಬ್ಬರನ್ನು ಕೇಳಿದ ರೆಕಾರ್ಡ್ ಕಂಪನಿಯವನೊಬ್ಬ ಮುಂಬಯಿಗೆ ಕರೆಸಿದ.

ಒಂದು ಮುಖಕ್ಕೆ ಕಂಪನಿಯವರೇ ಹಾಡು ಕಟ್ಟಿಟ್ಟಿದ್ದರು. ‘ಟ್ರಿಣ್ ಟ್ರಿಣ್ ಟ್ರಿಣ್ ಬೆಲ್ಲು ಬಾರಿಸಿ, ಬಂದಾನ ನೋಡ ಸೈಕಲ್ ಸರದಾರ.’ ಮೇಬಲ್ ನಗುನಗುತ್ತ ಹಾಡಿದಳು, ನಿಜವಾದ ಸೈಕಲ್ ಗಂಟೆಯೊಂದನ್ನು ತಾನೇ ಬಾರಿಸಿದಳು. ಇನ್ನೊಂದು ಮುಖ ಖಾಲಿ ಉಳಿಯಿತು. “ಏನಾದರೂ ಹಾಡಿಬಿಡಿ, ಅದನ್ನು ಯಾರು ಕೇಳುತ್ತಾರೆ” ಅಂದರು ಕಂಪನಿಯವರು. ಆಗ ಇಮ್ಮು ತಾನೇ ಕಟ್ಟಿದ್ದ ಹಾಡನ್ನು ತೆಗೆದ. ಮೊದಲರ್ಧ ತಂಗಿ, ಉಳಿದರ್ಧ ಅಣ್ಣ. ಗಾಡಿ ಹೋದಮೇಲೆ ಸ್ಟೇಷನ್ನಿನಲ್ಲಿ ಉಳಿದವರ ಹಾಡು ಅದು. ನಿಧಾನದ್ದು. ಗಿಟಾರ್ ಬಿಟ್ಟರೆ ಬೇರೆ ವಾದ್ಯ ಇಲ್ಲ. ಯಾರೂ ಕೇಳದ್ದು ಅನ್ನುವ ಕನಿಕರಕ್ಕೆ ಹೇಳುತ್ತಿಲ್ಲ, ಎರಡರಲ್ಲಿ ಒಳ್ಳೆಯದು ಅದೇ.

ಹೇಳಿ ಏನು ಪ್ರಯೋಜನ? ಸೈಕಲ್ ಹಾಡು ಉತ್ತರ ಕರ್ನಾಟಕವನ್ನೆಲ್ಲ ಕುಣಿಸಿತು. ಹೋಟೆಲು, ಜಾತ್ರೆ, ಟೂರಿಂಗ್ ಟಾಕೀಸು, ಎಲ್ಲಿ ನೋಡಿದರೂ ಟ್ರಿಣ್ ಟ್ರಿಣ್. ನನ್ನನ್ನು ಕೊಂಡವನು ಹಳೇ ಹುಬ್ಬಳ್ಳಿಯ ಮೌಲಾಸಾಬ. ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಅವನ ಕಸುಬು. ಒಂದು ಪ್ಲೇಯರು, ಎರಡು ಹಿತ್ತಾಳೆ ಬಣ್ಣದ ಹಾರ್ನು, ಒಂದು ಪೆಟ್ಟಿಗೆ ರೆಕಾರ್ಡು. ಒಳ್ಳೆಯ ಮನುಷ್ಯ. ನನ್ನನ್ನು ತನ್ನ ಅಂಗಿಯ ತುದಿಯಿಂದ ಒರೆಸಿ, “ಬಾರವಾ ನನ್ನ ರಾಣಿ” ಅನ್ನುತ್ತ ಪ್ಲೇಯರಿನ ತಟ್ಟೆಯ ಮೇಲೆ ಇಡುತ್ತಿದ್ದ.

ರಾಣಿಯ ಪಾಡು ಮಾತ್ರ ಆಳಿನದು. ಬೀಗರು ಬಂದರು, ಟ್ರಿಣ್ ಟ್ರಿಣ್. ಅರಿಶಿಣ ಹಚ್ಚಿದರು, ಟ್ರಿಣ್ ಟ್ರಿಣ್. ಹಾಡು ಮುಗಿಯುವುದೇ ತಡ, ಹಂದರದ ಮೂಲೆಯಿಂದ ಯಾವನೋ ಒಬ್ಬ “ಒನ್ಸ್ ಮೋರ್!” ಅಂತ ಕೂಗುತ್ತಿದ್ದ. ಎಲ್ಲ ಮದುವೆಯಲ್ಲೂ ಅಂಥವನೊಬ್ಬ ಇರುತ್ತಾನೆ. ಅವನ ಬಾಯಿಗೆ ಹೋಳಿಗೆ ತುರುಕಿದರೂ ಸುಮ್ಮನಿರುವುದಿಲ್ಲ. ಸೂಜಿ ಮತ್ತೆ ಅದೇ ಗೀರಿಗೆ ಇಳಿಯುತ್ತಿತ್ತು. ಉಸ್ಸಪ್ಪಾ! ಒನ್ಸ್ ಮೋರ್ ಅನ್ನುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಗೀರು ಸವೆದವು, ಮೇಬಲ್ಲಳ ನಗು ಒರಟಾಯಿತು. ಹಿಂದಿನ ಮುಖ ಮಾತ್ರ ಕಾರ್ಖಾನೆಯಿಂದ ಬಂದಷ್ಟೇ ಹೊಳೆಯುತ್ತಿತ್ತು, ಒಂದು ಸೂಜಿಯೂ ಮುಟ್ಟದೆ.

ಒಮ್ಮೆ ಮುಟ್ಟಿತು. ಅದರಿಂದಲೇ ಎಲ್ಲ ಕೆಟ್ಟಿತು.

ಕುಂದಗೋಳದ ಹತ್ತಿರ ಒಂದು ಮದುವೆ. ಹೆಣ್ಣನ್ನು ಗಂಡನ ಮನೆಗೆ ಕಳಿಸುವ ಹೊತ್ತು. ಮೌಲಾಸಾಬ ಊಟಕ್ಕೆ ಕೂತಿದ್ದ. ಒನ್ಸ್ ಮೋರ್ ಕೂಗಿ ಕೂಗಿ ಸಾಕಾದ ಗಂಡಿನ ಸೋದರಮಾವ ತಾನೇ ಬಂದು ನನ್ನನ್ನು ಎತ್ತಿದ. ಎತ್ತಿದವನು ತಿರುವಿ ಹಾಕಿದ. ಬೇವಿನ ಮರಕ್ಕೆ ಕಟ್ಟಿದ್ದ ಹಾರ್ನಿನಿಂದ ಊರಿಗೆಲ್ಲ ಕೇಳುವ ಹಾಗೆ ಮೇಬಲ್ಲಳ ದನಿ ಬಂತು.

‘ಗಾಡಿ ಹ್ವಾದ ಮ್ಯಾಲ ಠೇಸನ್ನಿನೊಳಗ ನಾ ಒಬ್ಬಾಕಿ ಉಳದೇನಿ. ಹೋದವರ ದಾರಿ ನೋಡಿ ಕಣ್ಣು ಸೋತಾವ, ಯಾರೂ ತಿರುಗಿ ಬರಲಿಲ್ಲ...’

ಹೆಣ್ಣಿನ ತಾಯಿ ಎದೆ ಬಡಿದುಕೊಂಡು ಅಳತೊಡಗಿದಳು. ಗಂಡಿನ ಕಡೆಯ ಮುದುಕಿಯೊಬ್ಬಳು, “ಶುಭ ಕಾರ್ಯದಾಗ ಇದೆಂಥಾ ಹಾಡೋ, ನಿನ್ನ ಬಾಯಾಗ ಮಣ್ಣ ಹಾಕ!” ಅಂತ ಶಪಿಸಿದಳು. ತಪ್ಪು ಮಾಡಿದ ಸೋದರಮಾವನೇ ಎಲ್ಲರಿಗಿಂತ ಜೋರಾಗಿ ಮೌಲಾಸಾಬನ ಮೇಲೆ ಏರಿ ಹೋದ. ಎಂಜಲು ಕೈಯಲ್ಲೇ ಓಡಿ ಬಂದ ಮೌಲಾಸಾಬ ಸೂಜಿ ಎತ್ತಿದ. ಅಣ್ಣನ ಪಾಲು ಇನ್ನೂ ಶುರುವಾಗಿರಲಿಲ್ಲ. ಒಂದು ಗಳಿಗೆ ತಾಳಿದ್ದರೆ ಆ ಹಾಡು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಅವರಿಗೆ ತಿಳಿಯುತ್ತಿತ್ತು. ತಾಳುವವರು ಯಾರು?

ಮನೆಗೆ ಬಂದ ಮೌಲಾಸಾಬ ಗಾಯಕ್ಕೆ ಹಚ್ಚುವ ಅಂಟುಪಟ್ಟಿ ತಂದ. ಆ ಮುಖದಲ್ಲಿ ಸೂಜಿ ಇಳಿಯುವ ಅಂಚಿಗೆ ಸುತ್ತಲೂ ಅಂಟಿಸಿದ. ಹಾಡಿನ ಹೆಸರಿನ ಚೀಟಿಯ ಮೇಲೂ ಒಂದು ತುಂಡು ಎಳೆದ. “ನಿಂದೇನೂ ತಪ್ಪಿಲ್ಲವಾ. ಆದ್ರ ಇನ್ನೊಮ್ಮೆ ಹಿಂಗಾದ್ರ ನನಗ ಯಾರೂ ಕರಿಯೂದಿಲ್ಲ” ಅಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮಾವನ ಕೈ ತಪ್ಪಿತು, ಮುಚ್ಚಿದ್ದು ನನ್ನ ಬಾಯಿ. ಅವನ ಮೇಲೆ ನನಗೆ ಸಿಟ್ಟಿಲ್ಲ, ಹೊಟ್ಟೆಪಾಡಿನವನು. ಆದರೆ ಆ ಅಂಟು ನನ್ನ ಗೀರುಗಳೊಳಗೆ ಇಳಿಯುವುದು ನನಗೆ ಗೊತ್ತಾಗುತ್ತಿತ್ತು. ಬೇಸಿಗೆಯಲ್ಲಿ ಕರಗುವುದು, ಚಳಿಗೆ ಬಿರಿಯುವುದು. ಹೇಳುವುದು ಯಾರಿಗೆ?

ಆಮೇಲೆ ಕ್ಯಾಸೆಟ್ಟುಗಳು ಬಂದವು. ಪ್ಲೇಯರು ಅಟ್ಟ ಸೇರಿತು, ಜೊತೆಗೆ ನಾನೂ. ಮೌಲಾಸಾಬ ತೀರಿಕೊಂಡ ಮೇಲೆ ಮನೆಯವರು ಪೆಟ್ಟಿಗೆಯನ್ನು ಗುಜರಿಗೆ ಹಾಕಿದರು. ದುರ್ಗದಬೈಲಿನ ಬೀದಿಬದಿಯಲ್ಲಿ, ಕೆಟ್ಟ ಮಿಕ್ಸರು, ಕೈಯಿಲ್ಲದ ಗೊಂಬೆಗಳ ನಡುವೆ ಬಿದ್ದುಕೊಂಡಿದ್ದೆ. ಬಿಸಿಲು, ಧೂಳು, ಹೋಗುಬರುವವರ ಚಪ್ಪಲಿ. ನಿಜ ಹೇಳಬೇಕೆಂದರೆ ಸುಖವಾಗಿತ್ತು. ಅಲ್ಲಿ ಯಾರೂ ಒನ್ಸ್ ಮೋರ್ ಅನ್ನುತ್ತಿರಲಿಲ್ಲ.

ನನ್ನನ್ನು ಅಲ್ಲಿಂದ ಎತ್ತಿದವರು ಜಯತೀರ್ಥ ಕೊಪ್ಪರ. ಟೆಲಿಫೋನ್ ಆಫೀಸಿನಿಂದ ನಿವೃತ್ತರಾದವರು, ಹಳೇ ಹಾಡಿನ ಹುಚ್ಚರು. ಮನೆತುಂಬ ರೆಕಾರ್ಡು. ಭಾನುವಾರ ಸಂಜೆ ಪಡಸಾಲೆಯಲ್ಲಿ ಹತ್ತಾರು ಜನರನ್ನು ಕೂಡಿಸಿ, ಅವಲಕ್ಕಿ ಕೊಟ್ಟು, ಹಾಡು ಕೇಳಿಸಿ, ಪ್ರಶ್ನೆ ಕೇಳುವುದು ಅವರ ಚಟ. ನನ್ನ ಪಟ್ಟಿ ನೋಡಿ, “ಅಯ್ಯ, ಸೀಳ್ಯದಲ್ಲೋ ಇದು! ಯಾರೋ ಪುಣ್ಯಾತ್ಮ ಪಟ್ಟಿ ಕಟ್ಟಿ ಉಳಿಸ್ಯಾನ” ಅಂದರು. ಪಟ್ಟಿ ಕಿತ್ತರೆ ನಾನು ಎರಡು ಹೋಳಾಗುತ್ತೇನೆ ಅಂತ ಅವರ ಭಯ. ನಾನು ಗಟ್ಟಿಯಾಗೇ ಇದ್ದೆ. ಆದರೆ ಸೂಜಿಯಿಲ್ಲದೆ ರೆಕಾರ್ಡಿಗೆ ಬಾಯಿ ಎಲ್ಲಿ?

ಒಂದು ಭಾನುವಾರ ಕೊಪ್ಪರರು ‘ಒಂದೇ ಹಾಡಿನ ಹುಲಿಗಳು’ ಅಂತ ಕಾರ್ಯಕ್ರಮ ಇಟ್ಟರು. ಪಡಸಾಲೆ ತುಂಬಿತ್ತು. ಒಬ್ಬ ಗಾಯಕ ನೆಗಡಿಯಲ್ಲಿ ಹಾಡಿದ ಹಾಡು ಮನೆಮಾತಾಯಿತಂತೆ, ನೆಗಡಿ ಹೋಯಿತು, ಹೆಸರೂ ಹೋಯಿತು. ಇನ್ನೊಬ್ಬನ ಹೆಸರು ಅಚ್ಚು ಹಾಕುವುದನ್ನೇ ಕಂಪನಿ ಮರೆತು, ಅವನು ಸ್ವಂತ ಹೆಂಡತಿಯನ್ನೂ ಇದು ನನ್ನ ಹಾಡು ಅಂತ ನಂಬಿಸಲಾರದೆ ಹೋದನಂತೆ. ಜನ ಬಿದ್ದು ಬಿದ್ದು ನಕ್ಕರು. ಕೊನೆಗೆ ನನ್ನ ಸರದಿ. ಟ್ರಿಣ್ ಟ್ರಿಣ್ ಆಯಿತು. ಕೊಪ್ಪರರು ಕೇಳಿದರು, “ಹಾಡಿದಾಕಿ ಕುಮಾರಿ ಮೇಬಲ್. ಮುಂದ ಏನಾದ್ಲು?”

“ಇದೊಂದ ಹಾಡು ಹಾಡಿ, ಹೇಳಹೆಸರಿಲ್ಲದಂಗ ಕಾಣಿಯಾದ್ಲು” ಅಂತ ಅವರೇ ಉತ್ತರ ಹೇಳಿದರು.

ಹಿಂದಿನ ಸಾಲಿನಿಂದ ಒಂದು ಸವೆದ ದನಿ ಬಂತು. “ಕಾಣಿ ಯಾಕ ಆಗ್ಲೀರಿ? ಕೇಶ್ವಾಪುರದಾಗ ಅದೇನಿ. ನೆಟ್ಟಗ ಇಪ್ಪತ್ತು ರೂಪಾಯಿ ಆಟೋದಾಗ ಬಂದೇನಿ.”

ಬಿಳಿಕೂದಲು, ಹತ್ತಿಸೀರೆ, ಕೈಯಲ್ಲಿ ಕೋಲು. ನನಗೆ ಗುರುತು ಹತ್ತಿತು. ದನಿ ಒಡೆದಿತ್ತು, ಉಸಿರು ತೆಗೆಯುವ ರೀತಿ ಅದೇ ಇತ್ತು. ಪಡಸಾಲೆಯಲ್ಲಿ ಗದ್ದಲವೋ ಗದ್ದಲ. ಯಾರೋ ಕಾಲಿಗೆ ಬಿದ್ದರು, ಯಾರೋ ಫೋಟೋ ಹೊಡೆದರು, ಮೂಲೆಯಿಂದ ಒಬ್ಬ, ಅಲ್ಲೂ ಇದ್ದನಲ್ಲ ಮಹಾರಾಯ, “ಮೇಡಮ್, ನೀವೇ ಹಾಡ್ರಿ! ಒನ್ಸ್ ಮೋರ್!” ಅಂದ. ಮೇಬಲ್ಲಳ ಮುಖ ಸಪ್ಪಗಾಯಿತು. ಆ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು. ನಾವಿಬ್ಬರೂ ಒಂದೇ ಗಾಣಕ್ಕೆ ಕಟ್ಟಿದವರು.

ಜನ ಹೋಗುವ ತನಕ ಅವಳು ಕೂತೇ ಇದ್ದಳು. ಆಮೇಲೆ ಕೊಪ್ಪರರಿಗೆ ಹೇಳಿದಳು.

“ಸಾಹೇಬ್ರ, ನಾ ಹಾಡಿದ್ದು ಎರಡು ಹಾಡು. ಆ ಟ್ರಿಣ್ ಟ್ರಿಣ್ ನನಗ ಅನ್ನಾ ಹಾಕ್ತು, ಖರೆ. ಆದ್ರ ಮುಂದ ಕಂಪನಿಯವರು ಬಸ್ಸಿನ ಹಾರ್ನಿಂದು ಹಾಡಂದ್ರು, ಟಾಂಗಾದ್ದು ಹಾಡಂದ್ರು, ಒಂದೂ ನಡೀಲಿಲ್ಲ. ಹೋಗ್ಲಿ ಬಿಡ್ರಿ. ಇನ್ನೊಂದು ಹಾಡು ನಮ್ಮ ಇಮ್ಮಣ್ಣಂದು. ಅಂವಾ ಮರುವರ್ಷನ ಕಾಮಾಲಿ ಆಗಿ ಹೋದ.”

“ಆ ರೆಕಾರ್ಡು ನಿಮ್ಮ ಹಂತ್ಯಾಕ ಇಲ್ಲೇನ್ರೀ?”

“ಇದ್ದದ್ದು ಆರ್ಕೆಸ್ಟ್ರಾದವರು ಒಯ್ದು ಒಡದ್ರು. ಹೊಸಾದು ತಗೋಳೋಣಂದ್ರ ಕಂಪನಿಯವರು ಆ ಹಾಡ ತಗದು, ಹಿಂದ ಬ್ಯಾರೇದವರ ಹಾಡು ಹಾಕಿ ಅಚ್ಚು ಹೊಡದಿದ್ರು. ಮೊದಲನೇ ಕಟ್ಟಿನಾಗ ಬಂದವು ಮಾತ್ರ ನಮ್ಮಣ್ಣನ್ನ ಹೊತ್ತಾವ. ನಾ ನೋಡದ ಅಂಗಡಿಲ್ಲ. ಅವನ ಮಾರಿ ಫೋಟೋದಾಗ ಐತಿ. ದನಿ ಮರತೇನಿ. ಒಡಹುಟ್ಟಿದವನ ದನಿ ಮರಿಯೂದಂದ್ರ ಏನ್ರೀ ಅದು! ನಿಮ್ಮದರಾಗ ಹಿಂದ ಯಾವ ಹಾಡು ಐತಿ?”

ಕೊಪ್ಪರರು ನನ್ನನ್ನು ತಿರುವಿ ಪಟ್ಟಿ ತೋರಿಸಿದರು. ಚೀಟಿಯ ಹೆಸರು ಪಟ್ಟಿಯಡಿ ಇತ್ತು. “ಸೀಳಿದ್ದರ ಪಟ್ಟಿ ಕಿತ್ತ ಕೂಡಲೇ ಎರಡು ತುಂಡು ಆಗತದ, ನಿಮ್ಮ ಸೈಕಲ್ ಹಾಡೂ ಹೋಗತದ” ಅಂದರು. ಅವರಿಗೆ ನಾನು ಮುದ್ದಿನ ವಸ್ತು.

“ಹೋದ್ರ ಹೋಗ್ಲಿ” ಅಂದಳು ಮೇಬಲ್. “ಅದನ್ನ ಊರೆಲ್ಲಾ ಕೇಳೇತಿ.”

ಕೊಪ್ಪರರು ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ, ಚೀಟಿಯ ಮೇಲಿನ ತುಂಡನ್ನು ಮೊದಲು ಎಬ್ಬಿಸಿದರು. ಅರ್ಧ ಅಕ್ಷರಗಳು ಪಟ್ಟಿಯ ಜೊತೆಗೇ ಕಿತ್ತು ಬಂದವು. ಉಳಿದದ್ದರಲ್ಲಿ ‘ಇಮ್ಮಾನು’ ಅಂತ ಇತ್ತು. ಮೇಬಲ್ ಬಾಯಿಗೆ ಸೆರಗು ಒತ್ತಿಕೊಂಡಳು. ಅಂಚಿನ ಪಟ್ಟಿಯೂ ಒಂದೊಂದೇ ಬಂತು. ನಾನು ಒಡೆಯಲಿಲ್ಲ. ಆದರೆ ಅಷ್ಟು ವರ್ಷದ ಅಂಟು ಎಲ್ಲಿ ಹೋಗುತ್ತದೆ? ಒರೆಸಿದಷ್ಟೂ ಗೀರಿನೊಳಗೆ ಕೂತೇ ಇತ್ತು.

ಸೂಜಿ ಇಳಿಯಿತು. ಕರಕರ, ಗರಗರ, ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು. ಮೇಬಲ್ ಹಾಡಿದ್ದ ಮೊದಲರ್ಧ ಪೂರ್ತಿ ಹಾಳಾಗಿತ್ತು. ನನ್ನ ಮೈಯೇ ನನಗೆ ಹೇಸಿಕೆಯಾಯಿತು. ಅಷ್ಟು ಸಾವಿರ ಸಲ ಬೇಡದ್ದನ್ನು ಹಾಡಿದ ನಾನು ಬೇಕಾದದ್ದನ್ನು ಒಮ್ಮೆ ಹಾಡಲಾರೆನೇ?

“ಪಟ್ಟಿ ಅಂಚಿಗಷ್ಟ ಇತ್ತು” ಅಂತ ಕೊಪ್ಪರರು ತಮಗೆ ತಾವೇ ಅಂದುಕೊಂಡು ಸೂಜಿಯನ್ನು ನಡುವಿಗೆ, ಅಂಟು ಮುಟ್ಟದ ಗೀರಿಗೆ ತಂದರು.

ಗಿಟಾರಿನ ತಂತಿ ನಿಚ್ಚಳವಾಗಿ ಮಿಡಿಯಿತು. ಆಮೇಲೆ ಇಮ್ಮು.

‘ದೀಪ ಆರಸಬ್ಯಾಡ ತಂಗಿ, ಎಣ್ಣಿ ಇನ್ನೂ ಐತಿ. ತಡಾ ಆದ್ರ ಆಗ್ಲಿ, ಬರೋ ಗಾಡಿ ಬಂದ ಬರತೈತಿ.’

ಇಪ್ಪತ್ತೈದರ ಗಂಡುದನಿ, ಒಂದು ಕೂದಲೆಳೆಯಷ್ಟೂ ಸವೆದಿರಲಿಲ್ಲ. ಯಾರೂ ಕೇಳಿರಲಿಲ್ಲವಲ್ಲ, ಸವೆಯುವುದು ಹೇಗೆ? ಮೌಲಾಸಾಬನ ಪಟ್ಟಿ ತಂಗಿಯನ್ನು ಅಳಿಸಿ ಅಣ್ಣನನ್ನು ಕಾಪಾಡಿತ್ತು. ಮೇಬಲ್ ಅಳುತ್ತಾಳೆ ಅಂದುಕೊಂಡೆ. ಅವಳು ನಕ್ಕಳು. “ಹೌದ್ಹೌದು, ಹಿಂಗ ಇತ್ತು. ಮೂಗಿನ್ಯಾಗ ಹಾಡ್ತಿದ್ದ, ಕತ್ತೆ! ಎಷ್ಟು ಬೈದೇನಿ ಇದಕ್ಕ!”

ಹಾಡು ಮುಗಿಯಿತು. ಸೂಜಿ ಒಳಗಿನ ಖಾಲಿ ಗೀರಿನಲ್ಲಿ ಸುತ್ತುತ್ತಿತ್ತು. ಮೇಬಲ್ ಕೋಲನ್ನು ಗೋಡೆಗೆ ಒರಗಿಸಿ, ಸೀರೆ ಸರಿಮಾಡಿಕೊಂಡು ನೆಟ್ಟಗೆ ಕೂತಳು, ಇಗರ್ಜಿಯಲ್ಲಿ ಹಾಡುವ ಮೊದಲು ಕೂತ ಹಾಗೆ. ಆಮೇಲೆ ತನ್ನ ಪಾಲು ತಾನೇ ಶುರುಮಾಡಿದಳು. ‘ಗಾಡಿ ಹ್ವಾದ ಮ್ಯಾಲ ಠೇಸನ್ನಿನೊಳಗ...’ ದನಿ ನಡುನಡುವೆ ಕಡಿಯಿತು, ಉಸಿರು ಸಾಲಲಿಲ್ಲ, ಆದರೂ ಬಿಡಲಿಲ್ಲ. ‘ಯಾರೂ ತಿರುಗಿ ಬರಲಿಲ್ಲ’ ಅನ್ನುವಲ್ಲಿಗೆ ಬಂದು ನಿಲ್ಲಿಸಿ, ಕೊಪ್ಪರರ ಕಡೆಗೆ ನೋಡಿದಳು. ಮೆಲ್ಲಗೆ ಅಂದಳು:

“ಒನ್ಸ್ ಮೋರ್.”

ಕೊಪ್ಪರರು ಸೂಜಿಯನ್ನು ನಡುವಿಗೆ ಇಟ್ಟರು. ಅಣ್ಣ ಉತ್ತರ ಕೊಟ್ಟ.

ಈಗ ನಾನು ಕೊಪ್ಪರರ ಕಪಾಟಿನ ಮೂಲೆಯಲ್ಲಿದ್ದೇನೆ. ಇಮ್ಮುವಿನ ದನಿಯನ್ನು ಅವರು ಮೇಬಲ್ಲಳ ಮೊಬೈಲಿಗೆ ಇಳಿಸಿಕೊಟ್ಟಿದ್ದಾರೆ, ಆದರೂ ಭಾನುವಾರ ಇಗರ್ಜಿ ಮುಗಿಸಿ ಅವಳು ನನ್ನ ಹತ್ತಿರವೇ ಬರುತ್ತಾಳೆ. ಮೇಬಲ್ ಮುಂದೆ ಏನಾದಳು ಅನ್ನುವ ಪ್ರಶ್ನೆಗೆ ಕೊಪ್ಪರರು ಉತ್ತರ ತಿದ್ದಿಕೊಂಡಿದ್ದಾರೆ. ನನಗೆ ವಯಸ್ಸಾಗಿದೆ, ಮೈ ಬಾಗಿದೆ, ಸೈಕಲ್ ಹಾಡು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಳ್ಳಲಿ ಬಿಡಿ, ಅದರ ಋಣ ತೀರಿತು. ಪ್ರತಿ ಸಲ ಸೂಜಿ ಇಳಿದಾಗಲೂ ಇಮ್ಮುವಿನ ದನಿ ಒಂದಿಷ್ಟು ಸವೆಯುತ್ತದೆ, ಅದೂ ನನಗೆ ಗೊತ್ತು. ಆದರೂ ಬಾಗಿಲಲ್ಲಿ ಆ ಕೋಲಿನ ಸದ್ದು ಕೇಳಿದರೆ ನನಗೆ ದಣಿವಾಗುವುದಿಲ್ಲ.