ಮೇಸನ್ ಫಿಲಿಪನ ಫ್ಯಾಮಿಲಿ ವೀಸಾ

ಹೇಳಿದರೆ ಅವಳು ಬಂದೇ ಬರುತ್ತಾಳೆ. ಫಿಲಿಪನಿಗೆ ಕಷ್ಟವಾಗಿದ್ದದ್ದು ಅದೇ. ಬರುವುದಿಲ್ಲ ಎನ್ನುವವಳಾಗಿದ್ದರೆ ಹೇಳಿಬಿಡಬಹುದಿತ್ತು. ಅವಳ ಉತ್ತರ ಕೇಳಿಕೊಂಡು ಸುಮ್ಮನಿರಬಹುದಿತ್ತು. ಆದರೆ ಶ್ರಿಯಾನಿ ಹಾಗಲ್ಲ. ಮದುವೆಯಾದಾಗಿನಿಂದ ಅವನು ಈ ಒಂದು ಕಾಗದಕ್ಕಾಗಿ ಅಲೆದದ್ದು ಅವಳಿಗೆ ಗೊತ್ತು. ಆ ಅಲೆದಾಟದ ಮರ್ಯಾದೆಗಾದರೂ ಇದ್ದದ್ದನ್ನೆಲ್ಲ ಬಿಟ್ಟು ವಿಮಾನ ಹತ್ತುತ್ತಾಳೆ. ಬಂದು ಇಲ್ಲಿ ಏನು ಮಾಡುತ್ತಾಳೆ?

ಶುಕ್ರವಾರ, ಗಲ್ಫಿನಲ್ಲಿ ವಾರದ ರಜೆ. ರೂವಿಯ ಚರ್ಚಿನಲ್ಲಿ ಕೊಂಕಣಿ ಬಲಿಪೂಜೆ ಮುಗಿಸಿ ಅವನು ತಾನು ಬಾಡಿಗೆಗಿದ್ದ ಮನೆಯ ರಾಬರ್ಟನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಅಲ್ ಗುಬ್ರಾಕ್ಕೆ ಹಿಂತಿರುಗುತ್ತಿದ್ದ. ಅಂಗಿಯ ಕಿಸೆಯಲ್ಲಿ ಹೆಂಡತಿಯ ವೀಸಾ ಇತ್ತು. ಬುಧವಾರವೇ ಕೈಗೆ ಬಂದಿತ್ತು. ಮೂಲ ಕಾಗದವನ್ನು ಅವಳು ಬರುವ ಮೊದಲು ಸೀಬ್ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೊಟ್ಟಿಡಬೇಕು. ಅದರ ಜೆರಾಕ್ಸ್ ಶ್ರೀಲಂಕಾದಲ್ಲಿ ಅವಳ ಕೈ ಸೇರಬೇಕು. ಇಲ್ಲದಿದ್ದರೆ ಕೊಲಂಬೊದಲ್ಲಿ ವಿಮಾನ ಹತ್ತಲು ಬಿಡುವುದಿಲ್ಲ. ಜೆರಾಕ್ಸ್ ಮಾಡಿಸುವುದು ಎಷ್ಟು ಹೊತ್ತಿನ ಕೆಲಸ? ಗುರುವಾರ ಅಂಗಡಿಯ ಮುಂದೆಯೇ ಹೋದ. ಒಳಗೆ ಹೋಗಲಿಲ್ಲ.

ಬುಧವಾರ ಘಾಲಾದ ಆಫೀಸಿನಲ್ಲಿ ಕಾಗದವನ್ನು ಅವನ ಮೇಜಿನ ಮೇಲೆ ಇಟ್ಟವನು ಭೋಜರಾಜ. ಪುತ್ತೂರಿನವನು, ಕಂಪನಿಯ ವೀಸಾ ಕೆಲಸಗಳನ್ನೆಲ್ಲ ಓಡಾಡಿ ಮಾಡಿಸುವವನು.

"ತಗೊಳ್ಳಿ ಮೇಸ್ತ್ರಿಗಳೇ, ನಿಮ್ಮ ಗಾರೆ ಕೆಲಸ ಇವತ್ತಿಗೆ ಖಲಾಸ್," ಎಂದಿದ್ದ. "ಕಫೀಲನ ಒಂದು ಸಹಿಗೆ ನನ್ನ ಎರಡು ಜೊತೆ ಚಪ್ಪಲಿ ಸವೆದಿದೆ. ಹೆಂಡತಿ ಬಂದ ಮೇಲೆ ಮೊದಲ ಊಟ ನನಗೆ. ಮೀನು ಇರಬೇಕು."

ಮೇಸ್ತ್ರಿ ಎನ್ನುವುದು ಆಫೀಸಿನ ಹಳೆಯ ತಮಾಷೆ. ಫಿಲಿಪ್ ಬಿ.ಕಾಂ. ಓದಿದವನು, ಬಿಡಿಭಾಗಗಳ ಗೋದಾಮಿನ ಲೆಕ್ಕ ಬರೆಯುವವನು. ಎಂಬತ್ತಾರರಲ್ಲಿ ಶಿರ್ವದಿಂದ ಹೊರಟಾಗ ಕಂಪನಿಯಲ್ಲಿ ಗುಮಾಸ್ತರ ವೀಸಾ ಮುಗಿದಿತ್ತು, ಗಾರೆ ಕೆಲಸದವರದು ಉಳಿದಿತ್ತು. ಯಾವುದರಲ್ಲಾದರೂ ಬಾ, ಆಮೇಲೆ ನೋಡುವ ಎಂದರು. ಬಂದ. ಊರಿನವರು ಎಷ್ಟೋ ಮಂದಿ ಹಾಗೇ ಬಂದಿದ್ದರು. ಟೈಪಿಸ್ಟನ ಲೇಬರ್ ಕಾರ್ಡಿನಲ್ಲಿ ಅಡುಗೆಯವನು ಎಂದಿರುತ್ತಿತ್ತು, ಮೆಕ್ಯಾನಿಕನ ಕಾರ್ಡಿನಲ್ಲಿ ತೋಟದ ಕೆಲಸದವನು. ಯಾರಿಗೂ ಅದು ತಪ್ಪೆನಿಸಿರಲಿಲ್ಲ. ಸಿಮೆಂಟು ಮುಟ್ಟದ ಫಿಲಿಪ್ ಸರಕಾರದ ಕಡತದಲ್ಲಿ ಮೇಸನ್ ಆಗಿ ಉಳಿದ. ಹೆಂಡತಿಯನ್ನು ಕರೆಸಲು ಹೋದಾಗ ಗೊತ್ತಾಯಿತು, ಮೇಸನ್‌ಗಳಿಗೆ ಫ್ಯಾಮಿಲಿ ವೀಸಾ ಇಲ್ಲ. ಕಾರ್ಡಿನ ಆ ಒಂದು ಪದ ಬದಲಾಗಬೇಕು. ಅದಕ್ಕೆ ವೀಸಾ ಕೊಟ್ಟು ಕರೆಸಿಕೊಂಡ ಅರಬ ಯಜಮಾನ, ಕಫೀಲನ ಮನಸ್ಸು ಬೇಕು, ಅವನು ಊರಲ್ಲಿರಬೇಕು, ಒಂದು ಕಾಗದ ಮುಗಿದು ಇನ್ನೊಂದು ಹುಟ್ಟಬೇಕು. ಹಾಗೆ ಮದುವೆಯಾದ ತೊಂಬತ್ತೊಂದು ಹೋಗಿ ತೊಂಬತ್ತನಾಲ್ಕು ಬಂದಿತ್ತು.

ಶ್ರಿಯಾನಿಯನ್ನು ಅವನು ನೋಡಿದ್ದು ರೂವಿಯ ಚರ್ಚಿನಲ್ಲೇ. ಸಿಂಹಳದ ಪೂಜೆ ಮುಗಿದು ಜನ ಹೊರಗೆ ಬರುವಾಗ ಕೊಂಕಣಿಯವರು ಮೆಟ್ಟಿಲ ಬಳಿ ಕಾಯುತ್ತಿದ್ದರು. ನೆಗೊಂಬೊದ ಹುಡುಗಿ, ಕುರುಮ್‌ನ ಒಂದು ಮನೆಯಲ್ಲಿ ಕೆಲಸಕ್ಕಿದ್ದಳು. ಶುಕ್ರವಾರ ಚರ್ಚಿಗೆಂದು ಬಿಡುತ್ತಿದ್ದ ಸ್ವಲ್ಪ ಹೊತ್ತು ಬಿಟ್ಟರೆ ಉಳಿದ ವಾರವೆಲ್ಲ ಒಳಗೇ. ಮನೆಯವರು ಹೊರಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕಿ ಹೋಗುತ್ತಿದ್ದರಂತೆ. "ಹೊಡೆಯೋದಿಲ್ಲ, ಬಯ್ಯೋದಿಲ್ಲ, ಊಟ ಚೆನ್ನಾಗಿದೆ," ಎಂದಿದ್ದಳು ಒಮ್ಮೆ, ಇಬ್ಬರಿಗೂ ಅರ್ಧಂಬರ್ಧ ಬರುತ್ತಿದ್ದ ಇಂಗ್ಲಿಷಿನಲ್ಲಿ. "ಆದರೆ ಬೀಗ ತಿರುಗಿಸುವ ಶಬ್ದ ಕೇಳಿದರೆ ಈಗಲೂ ಓಡಿಹೋಗಿ ಬಾಗಿಲು ಎಳೆದು ನೋಡ್ತೀನಿ." ಅವನು ಏನೂ ಹೇಳಿರಲಿಲ್ಲ. ಅವಳಿಗೆ ಅವನು ಇಷ್ಟವಾದದ್ದು ಆಗಲೇ ಇರಬೇಕು. ಉಳಿದವರೆಲ್ಲ ಆ ಮಾತಿಗೆ ಸಮಾಧಾನ ಹೇಳುತ್ತಿದ್ದರು.

ಕರಾರು ಮುಗಿದು ಅವಳು ಊರಿಗೆ ಹೋದಳು. ಅವನು ರಜೆ ತೆಗೆದುಕೊಂಡು ಶಿರ್ವಕ್ಕೂ ಹೋಗಿ ಅಲ್ಲಿಂದ ನೆಗೊಂಬೊಗೂ ಹೋಗಿ ಅವಳ ಚರ್ಚಿನಲ್ಲಿ ಮದುವೆಯಾದ. ರಜೆಯ ಕೊನೆಗೆ ಹೊರಟು ಬಂದ. ಆಮೇಲೆ ಕ್ಯಾಸೆಟ್ಟುಗಳು. ಊರಿಗೆ ಹೋಗುವ ಸಿಂಹಳದವರ ಕೈಯಲ್ಲಿ ಅವನು ಕಳಿಸುತ್ತಿದ್ದ, ಬರುವವರ ಕೈಯಲ್ಲಿ ಅವಳು. ಇಬ್ಬರಿಗೂ ಬರೆಯುವುದಕ್ಕಿಂತ ಅದು ಸುಲಭ. ಮೊದಮೊದಲು ಎರಡೂ ಬದಿ ತುಂಬುತ್ತಿದ್ದವು. ಈಚೆಗೆ ಮಾತು ನಡುವೆ ನಿಲ್ಲುತ್ತಿತ್ತು, ಅವಳು ರೆಕಾರ್ಡರನ್ನು ನಿಲ್ಲಿಸುತ್ತಿರಲಿಲ್ಲ. ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಮದುಮಗಳ ಉಡುಪು ಹೊಲಿಯುವ ಅಂಗಡಿಯಲ್ಲಿ ಅವಳು ಕೆಲಸಕ್ಕೆ ಸೇರಿದ್ದಳು. ಆ ಸದ್ದನ್ನು ಫಿಲಿಪ್ ಕೊನೆಯವರೆಗೆ ಕೇಳುತ್ತಿದ್ದ. ಅವಳ ಕಾಲು ಪೆಡಲಿನ ಮೇಲೆ ಎಲ್ಲಿ ನಿಧಾನವಾಗುತ್ತದೆ, ಎಲ್ಲಿ ಓಡುತ್ತದೆ ಎಂದು ಅವನಿಗೆ ತಿಳಿಯುತ್ತಿತ್ತು.

ಕೊನೆಯ ಕ್ಯಾಸೆಟ್ಟಿನಲ್ಲಿ ಒಂದು ಸುದ್ದಿ ಇತ್ತು. ಅಂಗಡಿಯ ಯಜಮಾನಿ ಮಗಳ ಜೊತೆ ಇರಲು ಇಟಲಿಗೆ ಹೊರಟಿದ್ದಾಳೆ, ಅಂಗಡಿಯನ್ನು ನೀನೇ ನಡೆಸು ಎನ್ನುತ್ತಿದ್ದಾಳೆ. "ಈ ಶುಕ್ರವಾರ ಫೋನ್ ಮಾಡು. ಅಷ್ಟರೊಳಗೆ ವೀಸಾ ಸುದ್ದಿ ಇದ್ದರೆ ಬೇಡ ಅಂತೀನಿ. ಇಲ್ಲದಿದ್ದರೆ ಏನನ್ನಾದರೂ ಹೇಳಲೇಬೇಕು ಅವಳಿಗೆ." ಹೇಳುವಾಗ ಅವಳು ನಕ್ಕಿದ್ದಳು. ನಗುವಿಗೆ ಮೊದಲು ಸ್ವಲ್ಪ ಹೊತ್ತು ಏನೂ ಇರಲಿಲ್ಲ. ಫಿಲಿಪ್ ಆ ಜಾಗವನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿದ್ದ.

ಮನೆ ಮುಟ್ಟಿದ ಮೇಲೆ ರಾಬರ್ಟ್ ನಿದ್ದೆಗೆ ಹೋದ. ರಾಬರ್ಟನ ಹೆಂಡತಿ ಆಗ್ನೆಸ್, ಫಿಲಿಪ್ ಬಾಡಿಗೆಗಿದ್ದ ಹಿಂದಿನ ಕೋಣೆಗೆ ಹೊಸ ಪರದೆ ಏರಿಸುತ್ತಿದ್ದಳು.

"ಇದು ಸಾಕಾ ನೋಡು. ಹೂವು ಜಾಸ್ತಿಯಾಯಿತಾ?"

"ಚೆನ್ನಾಗಿದೆ ಆಗ್ನೆಸ್ ಬಾಯಿ."

"ನಿನಗೆ ಗೋಣಿಚೀಲ ಹಾಕಿದರೂ ಚೆನ್ನಾಗಿದೆ. ಅವಳಿಗೆ ಸಾನ್ನಾಂ, ಕೋಳಿ ಸಾರು ತಿಂದು ಗೊತ್ತುಂಟಾ? ಖಾರ ನಮಗಿಂತ ಜಾಸ್ತಿಯಂತೆ ಅವರದ್ದು, ಹೌದಾ?"

"ಹೌದು."

"ಒಂದು ಹೌದಿಗೆ ಎಷ್ಟು ದುಡ್ಡು ಕೊಡಬೇಕು ನಿನಗೆ? ಅವಳು ಬಂದ ಮೇಲಾದರೂ ಮಾತು ಕಲಿ ಮಾರಾಯ. ಇಲ್ಲದಿದ್ದರೆ ಅವಳೂ ನನ್ನ ಹಾಗೆ ಚಿಮಣಿ ಹತ್ತಿರ ಮಾತಾಡಬೇಕಾದೀತು."

ಅವನು ತಲೆ ಎತ್ತಿದ. ಆಗ್ನೆಸ್ ಅಡುಗೆಮನೆಯ ಕಿಟಕಿಯ ಕಡೆ ಗಲ್ಲ ತೋರಿಸಿದಳು. ಆಚೆ, ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದ ಚಿಮಣಿಗಳು ಬಿಸಿಲಿನಲ್ಲಿ ನಿಂತಿದ್ದವು.

"ನಾನು ಬಂದ ಹೊಸದರಲ್ಲಿ, ನಿನಗೆ ಗೊತ್ತಿಲ್ಲ. ಇವರು ಬೆಳಿಗ್ಗೆ ಹೋದರೆ ಕತ್ತಲಾಗುವಾಗ ಬರೋದು. ನನಗೆ ಕಾರು ಬಿಡಲು ಬರೋದಿಲ್ಲ. ಒಂದು ಪ್ಯಾಕೆಟ್ ಹಾಲು ಬೇಕಾದರೂ ಕಾರು ಬೇಕು ಈ ಊರಲ್ಲಿ. ವೀಸಾದಲ್ಲಿ ಬರೆದಿರ್ತಾರಲ್ಲ, ಕೆಲಸಕ್ಕೆ ಹೋಗುವ ಹಾಗಿಲ್ಲ ಅಂತ. ಬೆಳಿಗ್ಗೆ ಎದ್ದು ಆ ಚಿಮಣಿಗೆ ಗುಡ್ ಮಾರ್ನಿಂಗ್ ಹೇಳ್ತಿದ್ದೆ. ದೇವರಾಣೆ. ಒಂದು ದಿನ ಇವರು ಕೇಳಿಸಿಕೊಂಡು, ಯಾರ ಹತ್ತಿರ ಅಂದರು." ಅವಳು ನಕ್ಕಳು. "ಮಕ್ಕಳಾದ ಮೇಲೆ ಸರಿಹೋಯಿತು ಬಿಡು. ಎಲ್ಲ ಸರಿಹೋಗ್ತದೆ."

"ಬಾಗಿಲು," ಎಂದ ಫಿಲಿಪ್.

"ಎಂತ ಬಾಗಿಲು?"

"ಆಗ ಒಳಗಿನಿಂದ ಚಿಲಕ ಹಾಕಿಕೊಳ್ತಿದ್ದಿರಾ?"

"ಮತ್ತೆ? ಒಬ್ಬಳೇ ಹೆಂಗಸು, ತೆರೆದಿಟ್ಟು ಕೂತುಕೊಳ್ಳೋದಾ? ಇವರೇ ಹೊರಗಿನಿಂದ ಬೀಗ ಹಾಕಿ ಹೋಗ್ತಿದ್ದರು, ನನಗೇ ಧೈರ್ಯ ಅಂತ." ಆಗ್ನೆಸ್ ಸ್ಟೂಲಿನಿಂದ ಇಳಿದಳು. "ಹೋಗು, ಫೋನ್ ಮಾಡು. ಪಾಪ, ಅಲ್ಲಿ ಕಾಯ್ತಿರ್ತಾಳೆ. ಸಂತೋಷದ ಸುದ್ದಿಯನ್ನು ಕಿಸೆಯಲ್ಲಿಟ್ಟು ಎರಡು ದಿನ ತಿರುಗಿದವನನ್ನು ನಾನು ಎಲ್ಲೂ ಕಂಡಿಲ್ಲ."

ಕಾರ್ಡ್ ಫೋನು ರಸ್ತೆಯ ತಿರುವಿನಲ್ಲಿ, ಮಲಯಾಳಿಯ ಅಂಗಡಿಯ ಪಕ್ಕದಲ್ಲಿತ್ತು. ಬಿಸಿಲಿಗೆ ರಿಸೀವರು ಸುಡುತ್ತಿತ್ತು. ಕರವಸ್ತ್ರ ಸುತ್ತಿ ಹಿಡಿದ. ನಡೆದು ಬರುವಾಗ ಅವನು ಎಲ್ಲವನ್ನೂ ಯೋಚಿಸಿದ್ದ. ವೀಸಾ ಬಂದಿದೆ, ಆದರೆ ನೀನು ಬರಬೇಕೆಂದಿಲ್ಲ ಎನ್ನಬಹುದು. ಹಾಗೆಂದರೆ ಅವನಿಗೆ ತಾನು ಬೇಡವಾಗಿದ್ದೇನೆ ಎಂದುಕೊಳ್ಳುತ್ತಾಳೆ. ನೀನೇ ತೀರ್ಮಾನಿಸು ಎನ್ನಬಹುದು. ಅವಳು ತೀರ್ಮಾನಿಸುವುದಿಲ್ಲ, ಹೊರಟು ಬರುತ್ತಾಳೆ. ಇವೆಲ್ಲ ಅವಳಿಗಾಗಿ ಮಾಡಿದ ಯೋಚನೆಗಳೇ? ಅದು ಅವನಿಗೆ ಖಚಿತವಿರಲಿಲ್ಲ. ಕಾಯುವುದು ಅವನಿಗೆ ಅಭ್ಯಾಸವಾಗಿತ್ತು. ಒಂದು ಕೋಣೆ, ಒಂದು ತಟ್ಟೆ, ಶುಕ್ರವಾರದ ಫೋನು. ಇದರೊಳಗೆ ಇನ್ನೊಬ್ಬರನ್ನು ಕೂರಿಸಿ, ಬೆಳಿಗ್ಗೆ ಬಿಟ್ಟು ಹೋಗಿ, ಸಂಜೆ ಬಂದು ಮುಖ ನೋಡುವ ಶಕ್ತಿ ತನ್ನಲ್ಲಿ ಉಳಿದಿದೆಯೇ ಎಂದು ಕೇಳಿಕೊಂಡರೆ, ಬರೀ ಸುಸ್ತು ಕಾಣುತ್ತಿತ್ತು.

ಒಂದು ಸಲ ರಿಂಗಾಗುವಷ್ಟರಲ್ಲಿ ಅವಳು ಎತ್ತಿದಳು.

"ಫಿಲಿಪ್?"

"ಹೂಂ."

"ಊಟ ಆಯಿತಾ?"

"ಆಯಿತು. ನಿಂದು?"

"ಇಲ್ಲಿ ಮೂರು ಮದುವೆ ಒಟ್ಟಿಗೆ ಬಂದಿವೆ. ಕೂರಲೂ ಬಿಡ್ತಿಲ್ಲ." ಹಿಂದೆ ಯಾರೋ ಹೆಂಗಸರು ನಗುತ್ತಿದ್ದರು, ಶ್ರಿಯಾನಿ ಅವರಿಗೆ ಸಿಂಹಳದಲ್ಲಿ ಏನೋ ಗದರಿದಳು. ಯಜಮಾನಿಯಾಗಿಬಿಟ್ಟವಳ ದನಿ ಅದು. ಅವನು ಅದನ್ನು ಮೊದಲು ಕೇಳಿರಲಿಲ್ಲ. ಆಮೇಲೆ ಬಾಗಿಲು ಹಾಕಿಕೊಂಡಿರಬೇಕು, ಸದ್ದು ಕಡಿಮೆಯಾಯಿತು.

"ಏನಾದರೂ ಬಂತಾ?" ಎಂದಳು.

ಅವಳು ಪ್ರತಿ ಸಲ ಕೇಳುವ ಪ್ರಶ್ನೆ. ಅವನು ಕಿಸೆಯ ಮೇಲೆ ಕೈ ಇಟ್ಟುಕೊಂಡ. ರಸ್ತೆಯಲ್ಲಿ ಕಾರುಗಳು ಒಂದರ ಹಿಂದೆ ಒಂದು ಹೋದವು.

"ಫಿಲಿಪ್? ಲೈನ್ ಇದೆಯಾ?"

"ಇದೆ. ಇನ್ನೂ ಇಲ್ಲ. ಕಫೀಲ್ ಸಹಿ ಹಾಕಿಲ್ಲ."

ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಅದರಲ್ಲಿ ನಿರಾಳವಿತ್ತೋ ಬೇಸರವಿತ್ತೋ ಅವನಿಗೆ ತಿಳಿಯಲಿಲ್ಲ.

"ಹಾಗಾದರೆ ಅಂಗಡಿ ತಗೊಳ್ಳಲಾ?"

"ತಗೋ."

"ಆಮೇಲೆ ವೀಸಾ ಬಂದರೆ?"

"ಆಗ ನೋಡುವ."

ಕಾರ್ಡಿನಲ್ಲಿದ್ದ ಹಣ ಮುಗಿಯುವವರೆಗೂ ಇಬ್ಬರೂ ಫೋನ್ ಇಡಲಿಲ್ಲ.

ಮನೆಯಲ್ಲಿ ಆಗ್ನೆಸ್ ಬಾಗಿಲಲ್ಲೇ ಕಾಯುತ್ತಿದ್ದಳು. "ಎಂತ ಹೇಳಿದಳು? ಅತ್ತಳಾ?"

"ಅಂಗಡಿ ತಗೊಳ್ತಾಳಂತೆ."

"ಅಂದರೆ? ಬರೋದಿಲ್ಲವಂತಾ?"

ಫಿಲಿಪ್ ಚಪ್ಪಲಿ ಬಿಡುತ್ತಿದ್ದ. ತಿದ್ದಬೇಕಿತ್ತು, ತಿದ್ದಲಿಲ್ಲ.

"ನೋಡು ಮತ್ತೆ!" ಆಗ್ನೆಸಳ ಮುಖ ಕೆಂಪಾಯಿತು. "ಗಂಡನಿಗಿಂತ ಹೊಲಿಗೆ ಮಿಷನ್ ಹೆಚ್ಚಾಯಿತಾ ಅವಳಿಗೆ? ನಮ್ಮ ಊರಿನವಳನ್ನೇ ಮಾಡಿಕೊಳ್ಳಬೇಕಿತ್ತು ನೀನು." ಮುಂದಿನ ಶುಕ್ರವಾರ ಚರ್ಚಿನ ಅಂಗಳದಲ್ಲಿ ಆ ಮಾತು ಇನ್ನಿಬ್ಬರ ಬಾಯಿಂದ ಅವನಿಗೆ ಕೇಳಿಬಂತು. ಪಾಪ ಫಿಲಿಪ್ ಎಂದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ವೀಸಾದ ಅವಧಿ ಮುಗಿಯಿತು. ಭೋಜರಾಜ ಬೈದ, ಆಮೇಲೆ ಮೇಸ್ತ್ರಿ ಎಂದು ಕರೆಯುವುದನ್ನು ಬಿಟ್ಟ.

ಮರುವರ್ಷ ಫಿಲಿಪ್ ರಜೆಯಲ್ಲಿ ನೆಗೊಂಬೊಗೆ ಹೋದ. ಅಂಗಡಿ ದೊಡ್ಡದಾಗಿತ್ತು, ಶ್ರಿಯಾನಿ ತೆಳ್ಳಗಾಗಿದ್ದಳು. ಅವಳು ಕತ್ತರಿಸುವುದನ್ನು, ಬೈಯುವುದನ್ನು, ಗಿರಾಕಿಗಳ ಜೊತೆ ನಗುವುದನ್ನು ನೋಡುತ್ತ ಅವನು ಮೂಲೆಯ ಕುರ್ಚಿಯಲ್ಲಿ ದಿನಗಳನ್ನು ಕಳೆದ. ತಾನು ಮಾಡಿದ್ದು ಸರಿ ಎಂದು ಒಂದೆರಡು ಮಧ್ಯಾಹ್ನ ಅನಿಸಿತು. ಹೊರಡುವ ದಿನ ಅವನ ಪೆಟ್ಟಿಗೆ ಕಟ್ಟುತ್ತ ಅವಳು ಹೇಳಿದಳು:

"ಹೋದ ಕೂಡಲೇ ನಿನ್ನ ಕಫೀಲನ ಹತ್ತಿರ ಇನ್ನೊಮ್ಮೆ ಕೇಳು. ಅಂಗಡಿ ನೋಡಿಕೊಳ್ಳೋಕೆ ತಂಗಿ ಇದ್ದಾಳೆ. ನಾನು ಇನ್ನೂ ಕಾಯ್ತಾ ಇದ್ದೀನಿ, ಗೊತ್ತಲ್ಲ?"

"ಕೇಳುತ್ತೇನೆ," ಎಂದ.

ವೀಸಾ ಬಂದಿತ್ತು ಎಂದು ಫಿಲಿಪ್ ಅವಳಿಗೆ ಅಂದು ಹೇಳಲಿಲ್ಲ, ಮುಂದೆ ಯಾವತ್ತೂ ಹೇಳಲಿಲ್ಲ.