ಅಂಚುಗೆರೆಯ ಕ್ಲಿಫ್ ಹೆಪ್‌ವರ್ತ್

ಕ್ಲಿಫ್ ಹೆಪ್‌ವರ್ತ್ ಬೀದಿಯ ನಡುವೆ ನಡೆದದ್ದನ್ನು ನಮ್ಮ ಗಣಿಯೂರು ಥಾರ್ನ್‌ಶಾದಲ್ಲಿ ಕಂಡವರಿಲ್ಲ. ಎಡಭುಜ ಇಟ್ಟಿಗೆಗೋಡೆಗೆ ಇನ್ನೇನು ತಾಗಿತು ಎನ್ನುವಷ್ಟು ಒತ್ತರಿಸಿಕೊಂಡು, ತಲೆಯನ್ನು ತುಸು ಮೇಲಕ್ಕೆತ್ತಿ, ಆಕಾಶದಿಂದ ಏನೋ ತನ್ನ ಮೇಲೆಯೇ ಬೀಳಲಿದೆಯೆಂಬ ಶಂಕೆಯಲ್ಲಿ ಅವನು ಸಾಗುತ್ತಿದ್ದ. ಬಸ್ ಕಂಡಕ್ಟರನಾಗಿದ್ದ ಸೋದರಮಾವ ಬಿಟ್ಟುಹೋದ ಕಪ್ಪು ಕೋಟೊಂದು ಬೇಸಿಗೆಯಲ್ಲೂ ಅವನ ಮೈಮೇಲಿರುತ್ತಿತ್ತು. ಅದರ ತೋಳುಗಳು ಎಷ್ಟು ಉದ್ದವೆಂದರೆ ಕೈಗಳು ಒಳಗೇ ಅಡಗಿಬಿಡುತ್ತಿದ್ದವು. ಅಡಗಲೆಂದೇ ಅವನು ಅದನ್ನು ತೊಡುತ್ತಾನೆಂದು ಬಲ್ಲವರ ಅಂಬೋಣ. ಮಾತಿನಲ್ಲೂ ಅದೇ ಹಿಂಜರಿಕೆ. ‘ಇವತ್ತು ಬುಧವಾರ’ ಎಂದರೂ ಕೊನೆಗೊಂದು ‘ಅನ್ಸುತ್ತೆ’ ಸೇರಿಸದೆ ಅವನಿಗೆ ಸಮಾಧಾನವಿಲ್ಲ.

ಇಂಥವನನ್ನು ವಿಧಿ ವಿಂಗರನನ್ನಾಗಿ ಮಾಡಿತು. ರಗ್ಬಿ ಲೀಗಿನ ಆಟದಲ್ಲಿ ಅಂಚಿನ ಓಟಗಾರನಾದ ವಿಂಗರನಷ್ಟು ಏಕಾಕಿ ಇನ್ನೊಬ್ಬನಿಲ್ಲ. ಮೈದಾನದ ನಡುವೆ ಧಡಿಯ ಆಟಗಾರರು ಕೆಸರಿನಲ್ಲಿ ಹೊರಳಾಡುತ್ತಿರುವಾಗ ಅವನು ಅಂಚುಗೆರೆಯ ಬಳಿ ಚಳಿಯಲ್ಲಿ ಕಾದು ನಿಂತಿರಬೇಕು. ಚೆಂಡು ಬಂದ ಕ್ಷಣ ಮಾತ್ರ ಇಡೀ ಊರಿನ ಕಣ್ಣು ಅವನೊಬ್ಬನ ಮೇಲೆ. ಎದುರಾಳಿಗಳು ಮುಗಿಲೆತ್ತರಕ್ಕೆ ಒದ್ದ ಚೆಂಡಿನ ಕೆಳಗೆ ನಿಲ್ಲುವುದೂ ಅವನ ಪಾಲಿನದೇ. ಆಗ ದೃಷ್ಟಿ ಮೇಲಿರುತ್ತದೆ, ಕಿವಿಯಲ್ಲಿ ಓಡಿಬರುವವರ ಬೂಟಿನ ಸದ್ದು ತುಂಬಿರುತ್ತದೆ.

ಗಣಿಯಲ್ಲಿ ಕಲ್ಲಿದ್ದಲಿನಿಂದ ಕಲ್ಲು ಆರಿಸುತ್ತಿದ್ದ ಕ್ಲಿಫ್‌ನನ್ನು ಊರಿನ ಕ್ಲಬ್ಬು ಕರೆದುಕೊಂಡದ್ದು ಅವನ ಓಟವನ್ನು ನೋಡಿ. ಮೊದಲ ಪಂದ್ಯದಲ್ಲೇ ಅಂಥದೊಂದು ಎತ್ತರದ ಚೆಂಡು ಅವನ ಕೈಗಳ ನಡುವೆ ಜಾರಿ, ಎದೆಗೆ ಬಡಿದು, ಎದುರಾಳಿಯ ಕಾಲಬುಡಕ್ಕೆ ಬಿತ್ತು. ಆತ ಅದನ್ನೆತ್ತಿ ನಮ್ಮ ಗೆರೆಯಾಚೆ ನೆಲಕ್ಕೂರಿ ‘ಟ್ರೈ’ ಎಂಬ ಅಂಕ ಗಳಿಸಿದ. ಎರಡನೆಯ ಚೆಂಡಿಗೆ ಕ್ಲಿಫ್ ಬೇಕೆಂದೇ ತಡವಾಗಿ ಓಡಿದ. ಅದನ್ನು ಊರೆಲ್ಲ ಕಂಡಿತು. ಪಂದ್ಯ ಹೋಯಿತು.

ಸೋಮವಾರ ಬೇಕರಿಯ ಮಿಸೆಸ್ ಸಗ್ಡನ್ ಬನ್ನನ್ನು ಕೈಯಲ್ಲಿ ತೂಗಾಡಿಸುತ್ತ ಕೇಳಿದಳು: “ಎಸೀಲೇನಪ್ಪಾ, ಇಲ್ಲಾ ಕೈಗೇ ಕೊಡ್ಲಾ?”

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅವನೂ ನಕ್ಕ, ಬನ್ನನ್ನು ಕೋಟಿನ ತೋಳಿನೊಳಗೆ ಅಡಗಿಸಿಕೊಂಡು ಹೊರಟ.

ತರಬೇತುದಾರ ಗ್ರೇವ್ಸ್ ನಗುವ ಜಾತಿಯವನಲ್ಲ. “ಕಾಲು ನಿಂದೇ ಸರಿ, ಕೈ ಯಾರದೋ ಎರವಲು ತಂದಂಗಿದೆ. ಚಳಿಗಾಲ ಮುಗಿಯೋದ್ರೊಳಗೆ ಸರಿ ಮಾಡ್ಕೋ. ಆಗ್ಲಿಲ್ಲಾಂದ್ರೆ ಗಣಿ ಇದ್ದೇ ಇದೆ,” ಎಂದು ಅವನನ್ನು ಎರಡನೆಯ ತಂಡಕ್ಕೆ ಇಳಿಸಿದ.

ಸರಿಮಾಡುವ ಹೊಣೆ ಹೊತ್ತವಳು ಅಕ್ಕ ಐವಿ. ನೂಲಿನ ಗಿರಣಿಯಲ್ಲಿ ದುಡಿದು ಬರುತ್ತಿದ್ದ ಅವಳು ಮಹಡಿಯ ಕಿಟಕಿಯಲ್ಲಿ ಚೆಂಡು ಹಿಡಿದು ಹೊಂಚುತ್ತಿದ್ದಳು; ಕ್ಲಿಫ್ ಹಿತ್ತಿಲ ಓಣಿಗೆ ಬಂದನೋ ಇಲ್ಲವೋ, ಚೆಂಡು ಅವನ ನೆತ್ತಿಯ ಮೇಲೆ.

“ಹೇಳಿ ಎಸೀಬಾರ್ದೇನೇ?”

“ಅವ್ರೇನು ನಿನ್ನ ಕೇಳಿ ಒದೀತಾರಾ? ಎತ್ಕೋ!”

ಓಣಿಯ ತುಂಬ ಬಟ್ಟೆ ಒಣಹಾಕಿದ ಹಗ್ಗಗಳು. ಪಕ್ಕದ ಮನೆಯ ಮಿಸೆಸ್ ಆಡ್ಸಲ್ ಬಾಗಿಲಿಗೆ ಬಂದು ಕೂಗುತ್ತಿದ್ದಳು: “ಐವಿ! ಇನ್ನೊಂದ್ಸಲ ನನ್ನ ದುಪ್ಪಟಿಗೆ ಕೆಸರು ಬಿದ್ರೆ ನಿನ್ನ ತಮ್ಮನ್ನೇ ಹಿಂಡಿ ಹಗ್ಗಕ್ಕೆ ಹಾಕ್ತೀನಿ, ನೋಡ್ತಿರು!”

ಚಳಿಗಾಲದ ಕೊನೆಯಲ್ಲಿ ಮೊದಲ ತಂಡದ ವಿಂಗರನ ಹೆಗಲ ಮೂಳೆ ಮುರಿಯಿತು. ನೆರೆಯ ಬ್ರಾಕ್‌ಬೆಕ್ ಊರಿನ ವಿರುದ್ಧದ ಪಂದ್ಯಕ್ಕೆ ಕ್ಲಿಫ್‌ಗೆ ಕರೆ ಬಂತು. ಮೈದಾನಕ್ಕಿಳಿಯುವ ಮುನ್ನ ಅವನು ಶೆಡ್ಡಿನ ಹಿಂದೆ ವಾಂತಿ ಮಾಡಿಕೊಂಡ. ಮೊದಲ ಎತ್ತರದ ಚೆಂಡಿಗೆ ನೆಗೆದಾಗ ಎದುರಾಳಿಯ ಮೊಣಕೈ ಕಪಾಲಕ್ಕೆ ಬಡಿಯಿತು. ಕ್ಲಿಫ್ ಮರದ ದಿಮ್ಮಿಯಂತೆ ಬಿದ್ದ. ಪೆಟ್ಟಾದವರನ್ನು ನೋಡಿಕೊಳ್ಳುವ ಬಕೆಟ್ಟಿನವನು ಓಡಿಬಂದು ಮುಖಕ್ಕೆ ತಣ್ಣೀರಿನ ಸ್ಪಂಜು ಹಿಂಡಿ, “ಇದು ಯಾವೂರು, ಹೇಳು?” ಎಂದ.

“ಥಾರ್ನ್‌ಶಾ... ಅನ್ಸುತ್ತೆ.”

ಬೇರೆ ಯಾರಾದರೂ ಹಾಗೆಂದಿದ್ದರೆ ಹೊರಗೆ ಕರೆದೊಯ್ಯುತ್ತಿದ್ದರು. ಅಂದದ್ದು ಕ್ಲಿಫ್ ಆದ್ದರಿಂದ, ಸರಿಯಾಗಿಯೇ ಇದ್ದಾನೆಂದು ಎಬ್ಬಿಸಿ ನಿಲ್ಲಿಸಿದರು.

ಪಂದ್ಯ ಮುಗಿಯುವ ಹೊತ್ತಿಗೆ, ನಾವು ಅಂಕಗಳಲ್ಲಿ ಹಿಂದಿರುವಾಗ, ನಮ್ಮದೇ ಗೆರೆಯ ಬಳಿ ಅವನ ಕೈಗೆ ಚೆಂಡು ಸಿಕ್ಕಿತು. ಅಂಚು ಹಿಡಿದು ಓಡಬೇಕಾದವನು ಧಡಿಯರ ನಟ್ಟನಡುವೆ ನುಗ್ಗಿ, ಒಬ್ಬನನ್ನು ತಳ್ಳಿ, ಇನ್ನೊಬ್ಬನನ್ನು ವಂಚಿಸಿ, ಮೈದಾನದ ಉದ್ದಕ್ಕೂ ಓಡಿ ಆಚೆಯ ಗೆರೆಯ ಹಿಂದೆ ಚೆಂಡನ್ನೂರಿದ. ಗೆದ್ದೆವು. ಅಪರಿಚಿತರು ತಬ್ಬಿಕೊಂಡರು, ಟೋಪಿಗಳು ಹಾರಿದವು, ಅವನನ್ನು ಹೆಗಲ ಮೇಲೆ ಹೊತ್ತರು.

ಆಟಗಾರರೆಲ್ಲ ಸ್ನಾನದ ಬಿಸಿನೀರಿನ ತೊಟ್ಟಿಯಲ್ಲಿ ಕೂತು ಹಾಡುತ್ತಿದ್ದಾಗ ಅವನು ಪಕ್ಕದವನನ್ನು ಕೇಳಿದ: “ಆಟ ಯಾವಾಗ ಶುರು?”

ಗೆದ್ದವನ ತಮಾಷೆಯೆಂದು ಎಲ್ಲರೂ ಬಿದ್ದುಬಿದ್ದು ನಕ್ಕರು. ಹೊರಗೆ ಕಾದಿದ್ದ ಐವಿ ಮಾತ್ರ ಅವನ ಕಣ್ಣು ನೋಡಿದವಳೇ ನೇರ ಡಾಕ್ಟರ ಬಾಗಿಲು ಬಡಿದಳು. ಮಿದುಳು ಅಲುಗಿದೆ, ಕೆಲವು ವಾರ ಓಟ ಕೂಡದು ಎಂದಾಯಿತು.

ಆ ವಾರಗಳಲ್ಲಿ ಅವನು ಪಟ್ಟ ತಳಮಳ ನನಗೆ ಚೆನ್ನಾಗಿ ನೆನಪಿದೆ. ಮಿಸೆಸ್ ಸಗ್ಡನ್ ಬಿಸಿ ಮಾಂಸದ ಪೈ ಕೈಗಿಟ್ಟು “ನಡೂಮಧ್ಯ ನುಗ್ಗಿದ್ಯಲ್ಲೋ, ಹುಲಿ!” ಎಂದರೆ, ಅವನು ಗುಟ್ಟು ಕೇಳುವವನಂತೆ “ನಾನು ಯಾವ ಕಡೆ ತಿರುಗ್ದೆ?” ಎನ್ನುವನು. ಅವಳು ಎಡಕ್ಕೆ ಎಂದರೆ ಹಾಲಿನವನು ಬಲಕ್ಕೆ ಎನ್ನುವನು. ಊರಿಗೆಲ್ಲ ಕಂಠಪಾಠವಾದ ಆ ಓಟ ಅವನೊಬ್ಬನ ಪಾಲಿಗೆ ನಡೆದೇ ಇರಲಿಲ್ಲ.

ಮತ್ತೆ ಆಡುವ ದಿನ ಹತ್ತಿರವಾದಾಗ, ಅಡುಗೆಮನೆಯಲ್ಲಿ ಆಲೂಗೆಡ್ಡೆ ಸುಲಿಯುತ್ತಿದ್ದ ಐವಿಯ ಮುಂದೆ ಅವನು ಬಾಯಿಬಿಟ್ಟ.

“ಆವತ್ತು ಓಡಿದೋನು ಹೆದರ್ಲಿಲ್ಲ ಕಣೇ. ಅವನಿಗೆ ಹೆದ್ರಿಕೆ ಅನ್ನೋದೇ ಗೊತ್ತಿರ್ಲಿಲ್ಲ. ಶನಿವಾರ ಜನ ಅವನ್ನ ನೋಡೋಕೆ ಬರ್ತಾರೆ. ಅವನ ಜಾಗದಲ್ಲಿ ನಾನು ಹೋಗಿ ನಿಲ್ಬೇಕು.”

ಐವಿ ಚಾಕು ಕೆಳಗಿಟ್ಟಳು. “ಅವನು ಯಾರೋ ನನಗೂ ಗೊತ್ತಿಲ್ಲ. ನಾನು ಚೆಂಡು ಎಸೆದದ್ದು ನಿಂಗೆ. ನೀನೇ ಹೋಗಿ ನಿಂತ್ಕೋ.”

ಆ ಶನಿವಾರ ಪರವೂರಿನ ಮೈದಾನದಲ್ಲಿ ಜಡಿಮಳೆ, ಜನ ಅಷ್ಟಕ್ಕಷ್ಟೆ. ಚೆಂಡು ಮೇಲೇರಿತು. ಬೂಟಿನ ಸದ್ದು ಹತ್ತಿರವಾಯಿತು. ಮನಸ್ಸಿನಲ್ಲಿ ಅದೇ ಹೆದರಿಕೆ, ಕಪಾಲದಲ್ಲಿ ಹಳೆಯ ಪೆಟ್ಟಿನ ಎಚ್ಚರ. ಕ್ಲಿಫ್ ಕದಲಲಿಲ್ಲ. ಒದ್ದೆ ಚೆಂಡನ್ನು ಎರಡೂ ತೋಳುಗಳಿಂದ ಎದೆಗವುಚಿಕೊಂಡ. ಮರುಕ್ಷಣವೇ ಧಡಿಯರು ಮೈಮೇಲೆ ಬಿದ್ದು ಅವನನ್ನು ಕೆಸರಿಗೆ ಕೆಡವಿದರು. ಚೆಂಡು ಎದೆಯಲ್ಲೇ ಇತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟುವಂಥದು ಏನೂ ನಡೆದಿರಲಿಲ್ಲ. ಆ ಪಂದ್ಯವನ್ನು ನಾವು ಸೋತೆವು. ಮುಂದೆ ಬಹುಕಾಲ ಮೊದಲ ತಂಡದ ಆ ಅಂಚಿನ ಜಾಗ ಮಾತ್ರ ಅವನದೇ ಆಯಿತು. ಬ್ರಾಕ್‌ಬೆಕ್ಕಿನ ಓಟವನ್ನು ಯಾರು ವರ್ಣಿಸಿದರೂ ಅವನು ವಿನಯದಿಂದ ಕೇಳುತ್ತಿದ್ದ. ಮಳೆಯಲ್ಲಿ ಹಿಡಿದ ಆ ಚೆಂಡಿನ ಸುದ್ದಿಯನ್ನು ಅಕ್ಕನಿಗಲ್ಲದೆ ಬೇರೆಯವರಿಗೆ ಹೇಳಲು ಅವನಿಗೆ ವರ್ಷಗಳೇ ಬೇಕಾದವು.

ಹೆದರಿಕೆಯನ್ನು ಗೆದ್ದೆವೆಂದು ಇಂಥವರು ಎಂದೂ ಹೇಳಿಕೊಳ್ಳುವುದಿಲ್ಲ. ಅದರೊಡನೆ ಸಂಸಾರ ಹೂಡಿರುತ್ತಾರೆ. ಅವರೊಡನೆಯೇ ಅದು ಬೆಳಗಾಗೆದ್ದು, ಅವರೊಡನೆಯೇ ಬೂಟು ಕಟ್ಟಿಕೊಂಡು ಹೊರಡುತ್ತದೆ. ಲೋಕ ಅವರನ್ನು ಕೊಂಡಾಡುವುದು ಬಹುಮಟ್ಟಿಗೆ ತಪ್ಪು ದಿನಕ್ಕಾಗಿ. ತಿದ್ದುವ ಗೋಜಿಗೆ ಅವರು ಹೋಗುವುದಿಲ್ಲ. ಮುಂದಿನ ಚೆಂಡು ಆಗಲೇ ಮೇಲೇರಿರುತ್ತದೆ.