ಎಡಗಡೆಯ ಜೇಬು

ದರ್ಜಿ ಅಕ್ಕನಿಗೆ ಒಂದು ಅಭ್ಯಾಸ. ಕೋಟು ಯಾರದೇ ಇರಲಿ, ಕೈಗೆ ಬಂದ ಕೂಡಲೇ ಅದರ ಜೇಬುಗಳನ್ನೆಲ್ಲ ತಡಕಿ ನೋಡಬೇಕು. ಸಿಕ್ಕಿದ್ದನ್ನು ಗಿರಾಕಿಯ ಕಣ್ಣೆದುರೇ ಮೇಜಿನ ಮೇಲಿಟ್ಟು, "ಸರಿಯಾಗಿ ನೋಡಿಕೊಳ್ಳಿ, ಆಮೇಲೆ ನನ್ನ ತಲೆಗೆ ಕಟ್ಟಬೇಡಿ" ಅನ್ನುವುದು ಅವಳ ಅಂಗಡಿಯ ಪದ್ಧತಿ. ಬಸ್ ಟಿಕೆಟು, ಕರಗಿ ಅಂಟಿದ ಪೆಪ್ಪರ್‌ಮೆಂಟು, ಹಲ್ಲುಕಡ್ಡಿ, ಒಮ್ಮೆ ಭಾರೀ ಗತ್ತಿನ ಮನುಷ್ಯರೊಬ್ಬರ ಜೇಬಿನಿಂದ ಅವರದೇ ಹಲ್ಲುಸೆಟ್ಟು. ಅಭ್ಯಾಸ ಅಂಗಡಿಯಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಅದು ಅವಳ ಬೆನ್ನು ಹತ್ತಿ ಮನೆಗೂ ಬಂದಿತ್ತು. ಅದರಿಂದಲೇ ಅವಳು ತಮ್ಮನನ್ನು ಕಳೆದುಕೊಂಡಳು.

ಕಳೆದುಕೊಂಡಳು ಅಂದ ಕೂಡಲೇ ಗಾಬರಿಯಾಗುವುದು ಬೇಡ. ತಮ್ಮ ಗುಂಡುಕಲ್ಲಿನ ಹಾಗಿದ್ದಾನೆ. ಎರಡು ಬೀದಿ ಆಚೆ ಅವನ ಗಡಿಯಾರ ರಿಪೇರಿ ಅಂಗಡಿ, ಅದರ ಹಿಂದೆಯೇ ಮನೆ, ಮನೆಯಲ್ಲಿ ಹೆಂಡತಿ. ಅಕ್ಕನ ಮನೆಗೆ ಮಾತ್ರ ಬರುವುದಿಲ್ಲ, ಅಷ್ಟೇ. ಆ 'ಅಷ್ಟೇ' ಎಷ್ಟು ದೊಡ್ಡದು ಅನ್ನುವುದು ಪ್ರತಿ ಭಾನುವಾರ ಮಧ್ಯಾಹ್ನ ಎರಡು ತಟ್ಟೆ ಇಟ್ಟು ಒಂದರಲ್ಲಿ ಉಣ್ಣುವ ಅವಳಿಗೆ ಗೊತ್ತು.

ಅಮ್ಮ ತೀರಿಕೊಂಡಾಗ ಅವನಿನ್ನೂ ತೊದಲು ಮಾತಿನ ಕೂಸು. ಎತ್ತಿ ಆಡಿಸಿದ್ದು, ತಲೆ ಬಾಚಿದ್ದು, ಶಾಲೆಗೆ ಬಿಟ್ಟು ಬಂದಿದ್ದು ಎಲ್ಲ ಅಕ್ಕನೇ. ತನಗೆ ಮದುವೆ ಅಂತ ಆಗಲಿಲ್ಲ, ಅದರ ಕೊರಗೂ ಇರಲಿಲ್ಲ. ತಮ್ಮ ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೂ ಭಾನುವಾರದ ಊಟ ಅಕ್ಕನ ಕೈಯದೇ. ಅವಳು ಅವನನ್ನು ಕರೆಯುತ್ತಿದ್ದದ್ದು 'ಮರಿ' ಅಂತ. ಮರಿಯ ಹೊಟ್ಟೆ ಮುಂದಕ್ಕೆ ಬಂದು, ನೆತ್ತಿ ಬೋಳಾಗಿ ಎಷ್ಟೋ ಕಾಲವಾಗಿತ್ತು.

ಆಗ ಹೊಸ ಕಾನೂನು ಬಂತು. ಇನ್ನು ಮೇಲೆ ಯಾರು ಬೇಕಾದರೂ, ಮೈಮೇಲೆ ಕೇಸು ಇಲ್ಲದಿದ್ದರೆ, ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು ಅಂತ. ಊರಿನಲ್ಲಿ ಎರಡು ಪಕ್ಷವಾಯಿತು. ಔಷಧಿ ಅಂಗಡಿಯಾಕೆ, "ಕತ್ತಲಾದ ಮೇಲೆ ಬಾಗಿಲು ಹಾಕಿ ಒಬ್ಬಳೇ ಹೋಗೋಳು ನಾನು. ಬೇಡ ಅನ್ನೋರು ಒಂದು ದಿನ ನನ್ನ ಜೊತೆ ನಡೆದು ನೋಡಲಿ" ಅಂದಳು. ಅದರಲ್ಲಿ ಸುಳ್ಳಿರಲಿಲ್ಲ. ಬಸ್ ಡ್ರೈವರು, "ನನ್ನ ಬಸ್ಸಲ್ಲಿ ಸೀಟಿಗೋಸ್ಕರ ಜುಟ್ಟು ಹಿಡಿದುಕೊಳ್ತಾರೆ. ಇನ್ನು ಇವರ ಕೈಗೆ ಪಿಸ್ತೂಲು ಬೇರೆ ಕೇಡು" ಅಂದ. ಅದರಲ್ಲೂ ಸುಳ್ಳಿರಲಿಲ್ಲ. ದರ್ಜಿ ಅಕ್ಕನಿಗೆ ಇಬ್ಬರ ಮಾತೂ ಸರಿ ಅನ್ನಿಸಿ ತಲೆ ಚಿಟ್ಟು ಹಿಡಿಯಿತು. ಆದರೆ ಗಿರಾಕಿಗಳು ಕೋಟು, ಜಾಕೆಟ್ಟು ತಂದು, "ಇದಕ್ಕೊಂದು ಗಟ್ಟಿ ಜೇಬು ಹಾಕಿಕೊಡಿ, ಅದು ಇಡೋಕೆ" ಎಂದು ಕಣ್ಣು ಮಿಟುಕಿಸಿದಾಗ ಅವಳ ಕೈ ಏಳಲಿಲ್ಲ. "ನನ್ನ ಸೂಜಿ ಆ ಕೆಲಸಕ್ಕಲ್ಲ" ಎಂದು ವಾಪಸ್ ಕಳಿಸಿದಳು. ಎದುರು ಸಾಲಿನ ದರ್ಜಿಗೆ ಸುಗ್ಗಿಯೋ ಸುಗ್ಗಿ.

ಅಷ್ಟರಲ್ಲೇ ತಮ್ಮನ ಅಂಗಡಿಗೆ ಕಳ್ಳರು ನುಗ್ಗಿದ್ದರು. ಸಂಜೆ, ಇನ್ನೇನು ಶಟರ್ ಎಳೆಯಬೇಕು ಅನ್ನುವಾಗ. ಅವನದೇ ಗೋಡೆ ಗಡಿಯಾರ ಕಿತ್ತು ಅವನ ತಲೆಗೇ ಬೀಸಿದ್ದರು. ಅಡ್ಡ ಹಿಡಿದ ಎಡಗೈ ಮೂಳೆ ಬಿರುಕು ಬಿಟ್ಟಿತು. ಪ್ಲಾಸ್ಟರ್ ಬಿಚ್ಚಿ ಸ್ವಲ್ಪ ದಿನಕ್ಕೆ, ಒಂದು ಭಾನುವಾರ, ಅವನು ಎಂದಿನಂತೆ ಬಂದು ಕೋಟು ಕಳಚಿ ಕೊಟ್ಟ. ಅವಳು ಎಂದಿನಂತೆ ಜೇಬಿಗೆ ಕೈ ಹಾಕಿದಳು. ತಣ್ಣಗೆ ಏನೋ ತಗುಲಿತು. ಈಚೆ ತೆಗೆದು, ಅಂಗಡಿಯ ರೂಢಿಯಂತೆ, ಊಟದ ಮೇಜಿನ ಮೇಲೆ ಇಟ್ಟುಬಿಟ್ಟಳು. ಎರಡು ತಟ್ಟೆಗಳ ನಡುವೆ, ಉಪ್ಪಿನ ಬಟ್ಟಲಿನ ಪಕ್ಕ.

"ಇದು ಈ ಮನೆ ಒಳಗೆ ಬೇಡ, ಮರಿ" ಅಂದಳು.

"ಅಕ್ಕ, ಅವತ್ತು ಆ ಕಳ್ಳನ ಬೂಟು ನನ್ನ ಕೆನ್ನೆ ಮೇಲಿತ್ತು. ಪೊಲೀಸರು ಬಂದರು, ಬರಲಿಲ್ಲ ಅನ್ನಲ್ಲ. ಬೂಟಿನ ಗುರುತಿನ ಫೋಟೋ ತಗೊಳ್ಳೋಕೆ ಬಂದರು."

ಉತ್ತರ ಇಲ್ಲದವರು ದನಿ ಏರಿಸುತ್ತಾರೆ, ಅವಳೂ ಏರಿಸಿದಳು. "ಹಾಗಿದ್ರೆ ಒಂದೋ ಅದು ಹೊರಗಿರಲಿ, ಇಲ್ಲಾ ನೀನೇ ಹೊರಗಿರು!" ಅವನು ಮೇಜಿನ ಮೇಲಿದ್ದದ್ದನ್ನು ಜೇಬಿಗೆ ಹಾಕಿಕೊಂಡು, ಕೋಟು ತೊಟ್ಟು, ಉಣ್ಣದೆ ಎದ್ದು ಹೋದ. ಹಠದಲ್ಲಿ ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ತಾನೆ. ಅವನು ಬರಲಿಲ್ಲ, ಇವಳು ಕರೆಯಲಿಲ್ಲ.

ಕರೆಯದಿದ್ದರೇನು, ಕಾಯುವುದನ್ನು ಬಿಟ್ಟಳೇ? ಭಾನುವಾರ ಬಂತೆಂದರೆ ಅವನಿಗಿಷ್ಟವೆಂದು ಮೊಟ್ಟೆ ಬೇಯಿಸುವಳು. ಮಹಡಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ಸೌಟು ಹಿಡಿದ ಕೈ ಅಲ್ಲೇ ನಿಲ್ಲುವುದು. ಬರುತ್ತಿದ್ದದ್ದು ಮೇಲಿನ ಮನೆಯ ಟೀಚರ್. ವಾರದ ದಿನಗಳಲ್ಲಿ ಸುತ್ತು ಬಳಸಿ ಅವನ ಅಂಗಡಿ ಮುಂದೆಯೇ ಹಾದು ಬರುವಳು. ಗಾಜಿನ ಹಿಂದೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ ಆ ಬೋಳು ನೆತ್ತಿ ಕಾಣುವುದು. ಒಳಗೆ ಹೋಗಿ ಆ ನೆತ್ತಿ ಸವರಬೇಕು ಅಂತ ಕೈ ತುಡಿಯುವುದು. ಹೋಗುತ್ತಿರಲಿಲ್ಲ. ಇಂಥವರಿಗೆ ಬುದ್ಧಿ ಹೇಳಲು ಹೋದವರು ಕೆಟ್ಟವರಾಗುತ್ತಾರೆ, ನಾವು ಕತೆ ಹೇಳೋಣ.

ಒಂದು ಬೆಳಿಗ್ಗೆ ತಮ್ಮನ ಹೆಂಡತಿ ಅಂಗಡಿಗೆ ಬಂದು, ಚೀಲದಿಂದ ಅವನ ಕೋಟು ತೆಗೆದಳು. ಬಲಗಡೆ ಸೊಂಟದ ಹತ್ತಿರ ಜೇಬು ಕಿತ್ತು ಜೋತಾಡುತ್ತಿತ್ತು.

"ಎದುರು ಸಾಲಿನವನು ಹೊಲಿದಿದ್ದು, ಅತ್ತಿಗೆ. ಭಾರಕ್ಕೆ ಕಿತ್ತುಬಂತು. ಮತ್ತೆ ಅವನಿಗೇ ಕೊಡ್ತೀನಿ ಅಂತ ಇವರಿಗೆ ಸುಳ್ಳು ಹೇಳಿ ಇಲ್ಲಿಗೆ ತಂದೆ."

"ನಾನು ಅಂಥ ಜೇಬು ಹೊಲಿಯಲ್ಲ ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತು. ನನಗೇನು ಅದನ್ನ ಕಂಡ್ರೆ ಪ್ರೀತಿನಾ? ಆದ್ರೆ ಅದಿಲ್ದೆ ಅವರು ಅಂಗಡಿ ಬಾಗಿಲು ತೆಗೆಯಲ್ಲ, ಅತ್ತಿಗೆ. ಮತ್ತೆ ಹೀಗೇ ಜೇಬು ಹರಿದು, ಅದು ದಾರಿಯಲ್ಲಿ ಬಿದ್ದು ಢಂ ಅಂದ್ರೆ? ನಿಮ್ಮ ಹೊಲಿಗೆ ಆದ್ರೆ ಕೀಳಲ್ಲ."

ಅವಳು ಹೋದ ಮೇಲೆ ಅಕ್ಕ ಕೋಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಕಾಲರಿನಲ್ಲಿ ಗಡಿಯಾರದ ಎಣ್ಣೆಯ ವಾಸನೆ, ಅದರಡಿಯಲ್ಲಿ ಅವನದೇ ವಾಸನೆ. ಮುಖ ಒತ್ತಿಕೊಂಡು ಮನಸಾರೆ ಅತ್ತಳು. ಜೇಬಿನ ಬಾಯಿಯನ್ನೇ ಹೊಲಿದು ಮುಚ್ಚಿಬಿಡಲೇ ಅಂತ ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಯೇ, ಆ ಬೂಟಿನವನು ಮತ್ತೆ ಬಂದರೆ, ತಮ್ಮನ ಕೈ ತನ್ನ ದಾರಕ್ಕೆ ಸಿಕ್ಕಿಕೊಂಡರೆ ಅಂತ ಜೀವ ಬಾಯಿಗೆ ಬಂತು. ಹೊಲಿಯುವುದಾದರೆ ಸರಿಯಾಗಿ ಹೊಲಿಯಬೇಕು.

ಸರಿಯಾಗಿ ಅಂದರೆ ಎಲ್ಲಿ? ಯಾರಿಗೂ ಗೊತ್ತಿಲ್ಲದ್ದು ಅವಳಿಗೊಬ್ಬಳಿಗೆ ಗೊತ್ತಿತ್ತು. ತಮ್ಮ ಹುಟ್ಟಾ ಎಡಚ. ಶಾಲೆಯಲ್ಲಿ ಮೇಷ್ಟ್ರು ಗೆಣ್ಣಿಗೆ ಹೊಡೆದು ಹೊಡೆದು ಬಲಗೈ ರೂಢಿ ಮಾಡಿಸಿದ್ದರು. ಈಗ ಬರೆಯುವುದು, ಉಣ್ಣುವುದು, ಗಡಿಯಾರದ ಮುಳ್ಳು ಕೂರಿಸುವುದು ಎಲ್ಲ ಬಲಗೈಯೇ. ಬೆದರಿದಾಗ ಮಾತ್ರ ಮುಂದೆ ಬರುವುದು ಎಡಗೈ. ಶಾಲೆ ದಾರಿಯಲ್ಲಿ ನಾಯಿ ಬೊಗಳಿದರೆ ಅವಳ ಕಿರುಬೆರಳು ಹಿಡಿಯುತ್ತಿದ್ದದ್ದು ಆ ಕೈ. ಕಳ್ಳರ ಏಟಿಗೆ ಅಡ್ಡ ಬಂದದ್ದೂ ಅದೇ. ಪಿಸ್ತೂಲು ಬೇಕಾಗುವುದು ಬೆದರಿದಾಗಲೇ ಅಲ್ಲವೇ? ಬಲಗಡೆ ಇಟ್ಟರೆ ಏನು ಬಂತು?

ಬಲಗಡೆಯ ಜೇಬನ್ನು ಬಿಚ್ಚಿ, ಎಡಗಡೆಗೆ ಹೊಸದು ಹೊಲಿದಳು. ಕ್ಯಾನ್ವಾಸ್ ಎರಡು ಪದರ ಕೊಟ್ಟು, ಬಾಯಿಗೆ ಜಾರುವ ಲೈನಿಂಗ್ ಹಾಕಿ, ಕೈ ಇಳಿಯುವ ಓರೆಯನ್ನು ತನ್ನ ಕೈಯಲ್ಲೇ ಹತ್ತು ಸಲ ನೋಡಿ. ಬೇಡವೆಂದು ಊರಿಗೆಲ್ಲ ಹೇಳಿದ ಕೆಲಸವನ್ನು ಅವಳು ಯಾವ ಮದುವೆ ಕೋಟಿಗೂ ಪಡದ ಮುತುವರ್ಜಿಯಿಂದ ಮಾಡಿದಳು. ಪ್ರೀತಿ ಮನುಷ್ಯರ ಕೈಯಲ್ಲಿ ಏನೇನು ಮಾಡಿಸುತ್ತದೋ.

ಅದಾಗಿ ಮೂರನೆಯ ಭಾನುವಾರ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಟೀಚರದ್ದಲ್ಲ. ಬಾಗಿಲು ತೆರೆದರೆ ತಮ್ಮ. ಹೊಸಿಲಾಚೆಯೇ ನಿಂತಿದ್ದಾನೆ, ಕೈಯಲ್ಲಿ ಸ್ಕೂಟರಿನ ಹೆಲ್ಮೆಟ್, ಮುಖದಲ್ಲಿ ರಕ್ತವಿಲ್ಲ.

"ಒಳಗೆ ಬರಲ್ಲ. ಅದು ನನ್ನ ಹತ್ತಿರ ಇದೆ" ಅಂದ.

"ಏನಾಯ್ತೋ?"

"ಕೋಟು ಬಂದ ದಿನವೇ ಯಾರ ಕೆಲಸ ಅಂತ ಗೊತ್ತಾಯ್ತು, ಅಕ್ಕ. ನಾನು ಎಡಚ ಅಂತ ಆ ಎದುರು ಸಾಲಿನ ದರ್ಜಿಗೇನು ಗೊತ್ತು? ಅವತ್ತೇ ಓಡಿ ಬರಬೇಕು ಅನ್ನಿಸ್ತು."

"ಬರಬಾರದಿತ್ತಾ?"

"ನೀನು ಕರೀಬಾರದಿತ್ತಾ?" ಅಂದವನು ಮೆಟ್ಟಿಲ ಮೇಲೆ ಕುಸಿದು ಕೂತ. "ನಿನ್ನೆ ಮಧ್ಯಾಹ್ನ ಬಗ್ಗಿ ಕೆಲಸ ಮಾಡ್ತಿದ್ದೆ. ತಲೆ ಎತ್ತಿದ್ರೆ ಎದುರಿಗೆ ಯಾರೋ, ತನ್ನ ಕೋಟಿನ ಒಳಗೆ ಕೈ ಹಾಕ್ತಿದ್ದಾನೆ. ನನಗೆ ಗೊತ್ತಾಗೋ ಮೊದಲೇ ಪಿಸ್ತೂಲು ಎಡಗೈಲಿತ್ತು, ಅಕ್ಕ. ಬೆಣ್ಣೆಯಲ್ಲಿ ಕೂದಲು ತೆಗೆದಂಗೆ ಬಂತು. ಬೆರಳು ಟ್ರಿಗರ್ ಮೇಲೆ. ಒಬ್ಬ ಮುದುಕ. ತೀರಿಕೊಂಡ ಹೆಂಡತಿ ಗಡಿಯಾರ ತೆಗೀತಿದ್ದ, ಕರವಸ್ತ್ರದಲ್ಲಿ ಸುತ್ತಿ ಇಟ್ಕೊಂಡಿದ್ದ."

"ಹೊಡೆದೆಯಾ?"

"ಇಲ್ಲ. ಅದು ಹೇಗೆ ಇಲ್ಲ ಅಂತ ಗೊತ್ತಿಲ್ಲ. ಮೊದಲೂ ಹೀಗೆ ಬೆದರಿದ್ದೆ. ಆಗೆಲ್ಲ ಎಡಗೈ ಎಡಗಡೆಗೇ ಹೋಗ್ತಿತ್ತು, ಅಲ್ಲೇನೂ ಇರ್ತಿರಲಿಲ್ಲ. ಇಲ್ಲ ಅಂತ ತಿಳಿಯೋ ಹೊತ್ತಿಗೆ ಬಂದವರ ಮುಖ ಕಾಣ್ತಿತ್ತು."

ಅಕ್ಕ ತನ್ನ ಕೈಗಳನ್ನೇ ನೋಡಿಕೊಂಡಳು. ಆ ಮುದುಕನನ್ನೂ ತಮ್ಮನನ್ನೂ ಒಟ್ಟಿಗೆ ಮುಗಿಸಲು ತಾನೇ ಹತ್ತು ಸಲ ಅಳತೆ ನೋಡಿದ್ದಳು.

"ನಾನೇ ಮಾಡಿದ್ದು" ಅಂದಳು.

"ನೀನು ಚೆನ್ನಾಗಿ ಹೊಲಿದೆ, ಅಷ್ಟೇ. ಬಿಚ್ಚಿಬಿಡು. ಮತ್ತೆ ಬಲಗಡೆಗೇ ಹಾಕು."

"ಅದನ್ನೇ ಬಿಟ್ಟುಬಿಡೋ, ಮರಿ."

"ಆಗಲ್ಲ, ಅಕ್ಕ. ಬೇಕು ಅಂತಲ್ಲ. ಆಗ್ತಿಲ್ಲ."

ಹಳೆಯ ಅಕ್ಕ ಆಗಿದ್ದರೆ ಬಾಗಿಲು ಹಾಕುತ್ತಿದ್ದಳು. ಅವಳು ಒಳಗೆ ಹೋಗಿ ಸೂಜಿ, ದಾರ, ಸಣ್ಣ ಕತ್ತರಿ ತಂದಳು. ಮತ್ತೆ ಹೋಗಿ ಎರಡು ತಟ್ಟೆಯಲ್ಲಿ ಊಟ ತಂದು ಮೆಟ್ಟಿಲ ಮೇಲಿಟ್ಟಳು. ಮೊಟ್ಟೆ ಎರಡೂ ಅವನ ತಟ್ಟೆಗೆ. "ಅದು ಒಳಗೆ ಬರಲ್ಲ. ನಾನು ಹೊರಗೆ ಬರಬಹುದಲ್ಲ" ಅಂದು ಅವನ ಎಡಕ್ಕೆ ಕೂತಳು. ಇಷ್ಟು ಸರಳವಾದದ್ದು ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ. ಅವನು ಪಿಸ್ತೂಲನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟು, ಅದರ ಮೇಲೆ ತನ್ನ ಹೆಲ್ಮೆಟ್ ಕವಿಚಿ, ಕೋಟು ಕಳಚಿ ಕೊಟ್ಟ. ಅವಳು ರೂಢಿಯಂತೆ ಜೇಬುಗಳನ್ನೆಲ್ಲ ತಡಕಿದಳು. ಒಂದು ಬಟಾಣಿಯಷ್ಟು ಸ್ಕ್ರೂ ಸಿಕ್ಕಿತು. "ನೋಡಿಕೋ, ಆಮೇಲೆ ನನ್ನ ತಲೆಗೆ ಕಟ್ಟಬೇಡ" ಅಂದಳು. ಅವನು ನಕ್ಕ. ಆ ನಗುವಿಗೆ ಅವಳು ಎಷ್ಟು ಹಸಿದಿದ್ದಳು ಅಂದರೆ, ತಟ್ಟೆ ಕಡೆ ಕೈಯೇ ಹೋಗಲಿಲ್ಲ.

ಅವನು ಉಣ್ಣುತ್ತಿದ್ದ, ಅವಳು ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದಳು. ತನ್ನದೇ ಹೊಲಿಗೆ, ಬಿಡಿಸಲು ಬಾರದಷ್ಟು ಗಟ್ಟಿ. ತೆರೆದ ಬಾಗಿಲಿನಿಂದ ಒಳಗಿನ ಮೇಜು, ಅವನ ಕುರ್ಚಿ ಕಾಣುತ್ತಿದ್ದವು. ಇಬ್ಬರೂ ಅತ್ತ ನೋಡಿದರು.

ಆಗ ಕೆಳಗಿನ ಬಾಗಿಲು ಧಡ್ ಎಂದು ಬಡಿಯಿತು.

ತಮ್ಮನ ಮೈ ಸೆಟೆಯಿತು. ಎಡಗೈ ಚಿಮ್ಮಿ ಸೊಂಟಕ್ಕೆ ಹೋಯಿತು. ಅಲ್ಲಿ ಕೋಟಿಲ್ಲ, ಜೇಬಿಲ್ಲ. ಆ ಕೈ ಗಾಳಿಯಲ್ಲಿ ತಡಕಾಡಿ, ಪಕ್ಕದಲ್ಲಿದ್ದ ಅವಳ ಕಿರುಬೆರಳನ್ನು ಗಬಕ್ಕನೆ ಹಿಡಿಯಿತು. ಸೂಜಿ ಅವಳ ಅಂಗೈಗೆ ಚುಚ್ಚಿತು.

ಮೇಲಿನ ಮನೆಯ ಟೀಚರ್ ತರಕಾರಿ ಚೀಲ ಹೊತ್ತು ಏದುಸಿರು ಬಿಡುತ್ತ ಹತ್ತಿ ಬಂದರು. ಮೆಟ್ಟಿಲ ಮೇಲೆ ತಟ್ಟೆ, ಕೋಟು, ಕೈ ಹಿಡಿದು ಕೂತ ಇಬ್ಬರು ನಡುವಯಸ್ಸಿನವರನ್ನು ನೋಡಿ, ಬದಿಯಿಂದ ದಾಟಿಕೊಂಡು ಹೋದರು. ಅವರ ಮನೆಯ ಬಾಗಿಲು ಹಾಕಿಕೊಂಡ ಸದ್ದೂ ಕೇಳಿಸಿತು.

ತಮ್ಮ ಬೆರಳು ಬಿಡಲಿಲ್ಲ. ಅವಳೂ ಸೂಜಿಯನ್ನು ಈಚೆ ತೆಗೆಯಲು ಹೋಗಲಿಲ್ಲ.